ಪಗಡಿ ಮನೆಯಂಥ ವೆಬ್‌ಸೈಟು

ಪ್ರಶ್ನೆ: ಮಾನ್ಯರೇ, ಡೊಂಬಿವಲಿ ಪೂರ್ವದಲ್ಲಿ ಹದಿನಾರು ವರ್ಷಗಳಿಂದ ಮನೆಯಲ್ಲೇ ಚಕ್ಕುಲಿ, ಕೋಡುಬಳೆ, ಸಾರಿನ ಪುಡಿ, ಹಲಸಿನ ಹಪ್ಪಳ ಮಾಡಿ ಮಾರುತ್ತಿದ್ದೇನೆ. ನಾನು, ಯಜಮಾನರು, ಸಹಾಯಕ್ಕೆ ಇಬ್ಬರು ಹೆಂಗಸರು. ಆರ್ಡರೆಲ್ಲ ವಾಟ್ಸಾಪಿನಲ್ಲಿ. ಕಳೆದ ದೀಪಾವಳಿಗೆ ಮೂರು ಆರ್ಡರ್ ಕಣ್ತಪ್ಪಿದವು. ಹಳೆಯ ಗಿರಾಕಿಯೊಬ್ಬರು ಇನ್ನೂ ಮುಖ ಕೊಟ್ಟು ಮಾತಾಡುತ್ತಿಲ್ಲ. ಠಾಣೆಯ ಒಂದು ಕಂಪನಿ ವೆಬ್‌ಸೈಟ್ ಮಾಡಿಕೊಡಲು 90,000 ರೂಪಾಯಿ, ಆಮೇಲೆ ವರ್ಷಕ್ಕೆ 18,000 ಕೇಳುತ್ತಿದೆ. ಪುಣೆಯಲ್ಲಿರುವ ತಂಗಿಯ ಮಗ, "ದೊಡ್ಡಮ್ಮ, ವಿಕ್ಸಲ್ಲೋ ಶಾಪಿಫೈಯಲ್ಲೋ ಒಂದು ಭಾನುವಾರ ಕೂತು ನಾನೇ ಮಾಡಿಕೊಡ್ತೇನೆ" ಅನ್ನುತ್ತಾನೆ. ಯಾರ ಮಾತು ಕೇಳಲಿ? ಸೈಟಿನಲ್ಲಿ ಕನ್ನಡವೂ ಇರಬೇಕೆಂಬ ಆಸೆ.
– ಓದುಗಿ, ಡೊಂಬಿವಲಿ

ಉತ್ತರ: ಅಕ್ಕಾ, ಹುಡುಗನ ಮಾತು ಕೇಳಿ. ಆದರೆ ಆ ಮೂರು ಆರ್ಡರ್ ತಪ್ಪಿದ್ದು ವೆಬ್‌ಸೈಟ್ ಇಲ್ಲದ್ದರಿಂದಲ್ಲ. ಸೈಟ್ ಬಂದ ಮೇಲೂ ನಿಮ್ಮ ಹಳೆಯ ಗಿರಾಕಿಗಳು ವಾಟ್ಸಾಪಿಗೇ ಬರೆಯುತ್ತಾರೆ, ನೋಡುತ್ತಿರಿ. ಹಾಗಾಗಿ ಇವತ್ತೇ ವ್ಯಾಪಾರಿಗಳ ಆ್ಯಪ್ ಆದ ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಪ್ರತಿ ಗಿರಾಕಿಯ ಮಾತುಕತೆಗೂ ಬಣ್ಣದ ಚೀಟಿ ಅಂಟಿಸಬಹುದು: ಹೊಸ ಆರ್ಡರ್, ಹಣ ಬಾಕಿ, ಹಣ ಬಂತು. ಬಾಣಲೆ ಒಲೆಗೇರಿಸುವ ಮೊದಲು 'ಹೊಸ ಆರ್ಡರ್' ಚೀಟಿ ಇರುವವರನ್ನೆಲ್ಲ ಒಮ್ಮೆ ನೋಡಿದರೆ ಆಯಿತು.

ಈಗ ಠಾಣೆಯವರ ವಿಷಯ. ಗಿರ್ಗಾಂವ್ ಚಾಳುಗಳ ಪಗಡಿ ಮನೆ ನಿಮಗೆ ಗೊತ್ತೇ ಇದೆ. ದೊಡ್ಡ ಮೊತ್ತ ಮೊದಲೇ ಸುರಿಯಬೇಕು, ತಿಂಗಳ ಬಾಡಿಗೆಯೂ ತಪ್ಪುವುದಿಲ್ಲ, ಮಾಲೀಕ ಮಾತ್ರ ಬೇರೆಯವನು. 90,000 ಕೊಟ್ಟ ಮೇಲೂ ಕೋಡ್ ಅವರ ಹತ್ತಿರ, ಪಾಸ್‌ವರ್ಡ್ ಅವರ ಹತ್ತಿರ, ಚಕ್ಕುಲಿ ದರ 20 ರೂಪಾಯಿ ಏರಿಸಲೂ ಅವರಿಗೇ ಫೋನ್ ಮಾಡಬೇಕು ಎಂದಾದರೆ ಅದು ಪಗಡಿಯೇ. ಎಣ್ಣೆ ದರ ಏರಿದ ದಿನ ರಾತ್ರಿ ಹನ್ನೊಂದಕ್ಕೆ ನೀವೇ ಕೂತು ದರ ಬದಲಿಸಲು ಆಗುತ್ತದೆಯೇ ಎಂದು ಅವರನ್ನು ಕೇಳಿ ನೋಡಿ.

ವಿಕ್ಸ್, ಶಾಪಿಫೈ ಅಂದರೆ ಸೈಟ್ ಕಟ್ಟಿಕೊಳ್ಳಲು ಸಿದ್ಧ ಸಾಮಗ್ರಿಯನ್ನು ಬಾಡಿಗೆಗೆ ಕೊಡುವ ಕಂಪನಿಗಳು. ಲೀವ್ ಅಂಡ್ ಲೈಸೆನ್ಸ್ ಫ್ಲಾಟ್, ಅಂದರೆ ಕರಾರಿನ ಬಾಡಿಗೆ ಮನೆ ಇದ್ದ ಹಾಗೆ. ಬಾಡಿಗೆ ಕಟ್ಟುವಷ್ಟು ದಿನ ನಲ್ಲಿ, ಲಿಫ್ಟು ಅವರ ಜವಾಬ್ದಾರಿ. ಆದರೆ ಮಾಲೀಕ ಬಿಡು ಅಂದರೆ ಬಿಡಬೇಕು. ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್ ಜೊತೆ ಪುಕ್ಕಟೆ ಕೊಡುತ್ತಿದ್ದ ಪುಟ್ಟ ವೆಬ್‌ಸೈಟುಗಳನ್ನು 2024ರ ಮಾರ್ಚಿನಲ್ಲಿ ಮುಚ್ಚಿಬಿಟ್ಟಿತು. ವಿಕ್ಸಲ್ಲಿ ಕಟ್ಟಿದ ಸೈಟನ್ನು ಇದ್ದಹಾಗೆ ಎತ್ತಿ ಬೇರೆ ಕಡೆ ಇಡಲೂ ಬರುವುದಿಲ್ಲ. ಅದಕ್ಕೇ ಪದಾರ್ಥಗಳ ಪಟ್ಟಿ, ದರ, ಫೋಟೊ ಎಲ್ಲದರ ಒಂದು ಪ್ರತಿ ನಿಮ್ಮ ಕಂಪ್ಯೂಟರಿನಲ್ಲಿ ಇರಲಿ.

ದುಡ್ಡಿನ ಲೆಕ್ಕ ಹುಡುಗ ಹೇಳಿರಲಿಕ್ಕಿಲ್ಲ, ನಾನು ಹೇಳುತ್ತೇನೆ. 600 ರೂಪಾಯಿಯ ಆರ್ಡರ್ ಎಂದುಕೊಳ್ಳಿ. ಸೈಟಿನಲ್ಲಿ ಗಿರಾಕಿಯ ಹಣ ಪಡೆದು ನಿಮಗೆ ತಲುಪಿಸುವ ಪೇಮೆಂಟ್ ಗೇಟ್‌ವೇಯವರು ಸಾಮಾನ್ಯವಾಗಿ ನೂರಕ್ಕೆ 2ರಂತೆ 12 ರೂಪಾಯಿ ಹಿಡಿಯುತ್ತಾರೆ, ಆ ಹನ್ನೆರಡರ ಮೇಲೆ ಶೇ 18 ಜಿಎಸ್‌ಟಿ. ಶಾಪಿಫೈಗೆ ತನ್ನದೇ ಪೇಮೆಂಟ್ ವ್ಯವಸ್ಥೆ ಇದೆಯಾದರೂ ಅದು ಭಾರತದಲ್ಲಿಲ್ಲ. ಬೇರೆಯವರ ಗೇಟ್‌ವೇ ಬಳಸಿದ್ದಕ್ಕೆ ಅದರ ಬೇಸಿಕ್ ಪ್ಲಾನಿನಲ್ಲಿ ಇನ್ನೂ ನೂರಕ್ಕೆ 2 ಹೋಗುತ್ತದೆ. ಒಟ್ಟು 26 ರೂಪಾಯಿ. ತಿಂಗಳಿಗೆ 150 ಆರ್ಡರ್ ಬಂದರೆ 3,900 ದಾಟಿತು, ಬಾಡಿಗೆ ಬೇರೆ. ಯುಪಿಐ ಕ್ಯೂಆರ್‌ಗೆ 2020ರ ಜನವರಿಯಿಂದ ಅಂಗಡಿಯವರ ಕಡೆಯಿಂದ ಏನೂ ಹಿಡಿಯುವಂತಿಲ್ಲ. ನಿಮ್ಮಂಥ ವ್ಯಾಪಾರಕ್ಕೆ ಪದಾರ್ಥದ ಫೋಟೊ, ದರ, ಕ್ಯೂಆರ್, ವಾಟ್ಸಾಪಿಗೆ ಹೋಗುವ ಒಂದು ಗುಂಡಿ, ಇಷ್ಟಿರುವ ಸರಳ ಸೈಟೇ ಮೊದಲ ವರ್ಷಕ್ಕೆ ಧಾರಾಳ. ಆಹಾರ ಸುರಕ್ಷತೆಯ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರನ್ನು ಕಾಣುವಂತೆ ಹಾಕಿ.

ಡೊಮೇನ್ ಹೆಸರನ್ನು, ಅಂದರೆ ಸೈಟಿನ ವಿಳಾಸವನ್ನು ಮಾತ್ರ ಠಾಣೆಯವರ ಕೈಗೂ ಕೊಡಬೇಡಿ, ತಂಗಿಯ ಮಗನ ಕೈಗೂ ಕೊಡಬೇಡಿ. ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಮೊಬೈಲ್ ಕೊಟ್ಟು ನೀವೇ ಕೊಳ್ಳಿ. ಇದನ್ನು ಹೊಟ್ಟೆ ಉರಿದು ಹೇಳುತ್ತಿದ್ದೇನೆ. 2012ರಲ್ಲಿ ಮುಲುಂಡಿನ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಸೈಟ್ ಮಾಡಿಕೊಟ್ಟ ಪರಿಚಯದ ಹುಡುಗ ಡೊಮೇನನ್ನು ತನ್ನ ಹೆಸರಲ್ಲೇ ಕೊಂಡಿದ್ದ. ಎರಡು ವರ್ಷಕ್ಕೆ ಅವನು ಗಲ್ಫಿಗೆ ಹೋದ. ನವೀಕರಣದ ಪತ್ರಗಳು ಅವನು ತೆರೆಯದ ಇಮೇಲಿಗೆ ಹೋಗಿ ಬಿದ್ದವು. ಅವಧಿ ಮುಗಿದು ಹೆಸರು ಇನ್ಯಾರದೋ ಪಾಲಾಯಿತು. ಕಂಪ್ಯೂಟರ್ ರಿಪೇರಿಯವನಿಗೇ ಈ ಗತಿ! ಅದೇ ಹೆಸರಿನಲ್ಲಿ ಅಚ್ಚು ಹಾಕಿಸಿದ್ದ ಎರಡು ಸಾವಿರ ವಿಸಿಟಿಂಗ್ ಕಾರ್ಡಿನ ಹಿಂಬದಿಯಲ್ಲಿ ನನ್ನ ಹೆಂಡತಿ ಇವತ್ತಿಗೂ ತರಕಾರಿ ಪಟ್ಟಿ ಬರೆಯುತ್ತಾಳೆ.

ಕನ್ನಡದ ಆಸೆ ಖಂಡಿತ ಈಡೇರುತ್ತದೆ. ನಿಮ್ಮ ಹಳೆಯ ದರಪಟ್ಟಿ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾಗಿದ್ದರೆ ಸೈಟಿನಲ್ಲಿ ಅಂಟಿಸಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ, ಗಾಬರಿಯಾಗಬೇಡಿ, ಎಲ್ಲ ಕಡೆ ಸರಿಯಾಗಿ ಕಾಣುವ ಯುನಿಕೋಡ್ ಅಕ್ಷರಗಳಿಗೆ ಪರಿವರ್ತಿಸಿಕೊಳ್ಳಿ. ಶೀರ್ಷಿಕೆಗೆ 'ಬಾಲೂ ತಮ್ಮ' ಫಾಂಟ್ ಹಾಕಲು ಹುಡುಗನಿಗೆ ಹೇಳಿ. ಗುಂಡುಗುಂಡಗೆ ಕೋಡುಬಳೆಯ ಹಾಗೇ ಇದೆ, ಪುಕ್ಕಟೆ, ಮೇಲಾಗಿ ನಮ್ಮ ಮುಂಬಯಿಯ ಏಕ್ ಟೈಪ್‌ನವರು ಮಾಡಿದ್ದು.

ಠಾಣೆಯಂಥವರು ಬೇಕಾಗುವ ಕಾಲ ಬರಬಹುದು. ಮಾಟುಂಗಾದ ಐದಾರು ಹೋಟೆಲುಗಳಿಗೆ ನೀವು ಸರಬರಾಜು ಶುರುಮಾಡಿ, ಒಬ್ಬೊಬ್ಬರಿಗೆ ಒಂದೊಂದು ದರ, ತಿಂಗಳ ಕೊನೆಗೆ ಬಿಲ್ಲು, ದಿನಕ್ಕೆ 25 ಕಿಲೋ ಮೀರಿದರೆ ಆರ್ಡರ್ ತಾನಾಗಿ ನಿಲ್ಲಬೇಕು ಎಂದೆಲ್ಲ ಆದಾಗ ರೆಡಿಮೇಡ್ ಅಂಗಿ ಭುಜದಲ್ಲಿ ಬಿಗಿಯುತ್ತದೆ. ಆಗ ದರ್ಜಿಯ ಹತ್ತಿರ ಹೋಗೋಣ. ಕೋಡ್, ಪಾಸ್‌ವರ್ಡ್, ಗಿರಾಕಿಗಳ ಪಟ್ಟಿ ನಿಮ್ಮದೇ ಎಂದು ಬರೆಸಿಕೊಂಡ ಮೇಲೆಯೇ ಮುಂಗಡ ಕೊಡಿ.

ಇನ್ನು ಮುನಿಸಿಕೊಂಡಿರುವ ಗಿರಾಕಿ. ಅವರ ಮನೆಗೆ ಅರ್ಧ ಕಿಲೋ ಹಲಸಿನ ಹಪ್ಪಳ ಹಿಡಿದು ನೀವೇ ಹೋಗಿ ಬನ್ನಿ. ಅದಕ್ಕೆ ಯಾವ ಸೈಟೂ ಬೇಡ.