ಟೊರೊಂಟೊದ ಹಳೇ ಬಡಾವಣೆಯಲ್ಲಿ ಮನೆ ಕೊಳ್ಳೋ ಮುಂಚೆ

ತಮ್ಮಾ, ನಮ್ಮೂರ ಹುಡುಗ ಅಂತ ಏಕವಚನದಲ್ಲೇ ಬರೀತೀನಿ. ನೀನು ಕೇಳಿರೋದು ಇಷ್ಟು: ವರ್ಕ್ ಪರ್ಮಿಟ್ ಮೇಲೆ ದಾವಣಗೆರೆಯಿಂದ ಟೊರೊಂಟೊಗೆ ಹೊರಟಿದ್ದೀಯ, ಬಾಡಿಗೆಗೆ ದುಡ್ಡು ಸುರಿಯೋ ಬದಲು ಬಂದ ವರ್ಷವೇ ಹಳೇ ಬಡಾವಣೆಯಲ್ಲಿ ಒಂದು ಮನೆ ಮಾಡಿಕೊಳ್ಳಬೇಕು ಅಂತಿದ್ದೀಯ, ಶಾಮನೂರು ರಸ್ತೆ ಕಡೆಯ ಸೈಟು ಮಾರಿ ದುಡ್ಡು ಕಳಿಸ್ತೀನಿ ಅಂತ ಅಪ್ಪ ಹೇಳಿದ್ದಾರೆ. ಹಳೇ ಬಡಾವಣೆ ಅಂದುಕೊಂಡಿದ್ದು ಸರಿ. ಬಂದ ವರ್ಷವೇ ಅನ್ನೋದು ಬೇಡ.

ಕಾರಣ ತೆರಿಗೆ. ಕನಿಷ್ಠ 183 ದಿನ ಅವಧಿ ಉಳಿದಿರೋ ವರ್ಕ್ ಪರ್ಮಿಟ್ ಇದ್ದವರು ಒಂದು ಮನೆ ಕೊಳ್ಳೋಕೆ ಕಾನೂನಿನ ಅಡ್ಡಿಯಿಲ್ಲ. ಆದರೆ ಪಿ.ಆರ್. (ಕೆನಡಾದಲ್ಲಿ ಕಾಯಂ ವಾಸದ ಹಕ್ಕು) ಇಲ್ಲದವರ ಮೇಲೆ ಒಂಟಾರಿಯೊ ಪ್ರಾಂತ್ಯ ಮನೆ ಬೆಲೆಯ 25% ಹೆಚ್ಚುವರಿ ತೆರಿಗೆ ಹಾಕುತ್ತೆ. 2025ರ ಜನವರಿಯಿಂದ ಟೊರೊಂಟೊ ನಗರವೂ 10% ಹಾಕುತ್ತೆ. ಹತ್ತು ಲಕ್ಷ ಡಾಲರ್ ಮನೆಗೆ ಇದೊಂದೇ ಮೂರೂವರೆ ಲಕ್ಷ ಡಾಲರ್ ಆಯ್ತು. ನಾಲ್ಕು ವರ್ಷದೊಳಗೆ ಪಿ.ಆರ್. ಸಿಕ್ಕು, ಅದೇ ಮನೆಯಲ್ಲಿ ವಾಸ ಇದ್ದರೆ ಪ್ರಾಂತ್ಯದ ಪಾಲನ್ನು ವಾಪಸ್ ಕೇಳಬಹುದು, ನಿಜ. ಆದರೂ ಕೊಳ್ಳೋ ದಿನ ಕೈಯಿಂದ ಕಟ್ಟಲೇಬೇಕು. ಇದರ ಮುಂದೆ ಎರಡು ಮೂರು ವರ್ಷದ ಬಾಡಿಗೆ ದೊಡ್ಡದಲ್ಲ.

ಪಿ.ಆರ್. ಆದ ಮೇಲೂ ಮಾಮೂಲಿ ಆಸ್ತಿ ವರ್ಗಾವಣೆ ತೆರಿಗೆ ಟೊರೊಂಟೊ ಊರೊಳಗೆ ಎರಡು ಸಲ ಬೀಳುತ್ತೆ. ಹತ್ತು ಲಕ್ಷದ ಮನೆಗೆ ಪ್ರಾಂತ್ಯಕ್ಕೆ 16,475 ಡಾಲರ್, ನಗರಕ್ಕೆ ಅಷ್ಟೇ. ಮೊದಲ ಸಲ ಕೊಳ್ಳೋರಿಗೆ ಪ್ರಾಂತ್ಯ 4,000, ನಗರ 4,475 ಡಾಲರ್ ತನಕ ಬಿಡುತ್ತವೆ. ನಮ್ಮ ಕಡೆಯವರು ಎಡವೋದು ಇಲ್ಲೇ. ಈ ರಿಯಾಯಿತಿ ಬೇಕಾದರೆ ಜಗತ್ತಿನಲ್ಲಿ ಎಲ್ಲೂ, ಯಾವತ್ತೂ ನಿನ್ನ ಹೆಸರಲ್ಲಿ ಮನೆ ಇದ್ದಿರಬಾರದು, ಮನೆಯಲ್ಲಿ ಪಾಲೂ ಇದ್ದಿರಬಾರದು. ಮದುವೆ ಆದಮೇಲೆ ಹೆಂಡತಿ ಹೆಸರಲ್ಲಿ ಇದ್ದರೂ ಹೋಯ್ತು. ಹಾಗಾಗಿ ವಿಮಾನ ಹತ್ತೋ ಮುಂಚೆ ಅಪ್ಪ ಪ್ರೀತಿಯಿಂದ ದಾವಣಗೆರೆಯ ಪಿ.ಜೆ. ಬಡಾವಣೆ ಮನೆಯ ಖಾತೆಗೆ ನಿನ್ನ ಹೆಸರೂ ಸೇರಿಸೋಣ ಅಂದರೆ, ಸದ್ಯಕ್ಕೆ ಬೇಡ ಅನ್ನು.

ಸೈಟಿನ ದುಡ್ಡು ತರೋಕೂ ಒಂದು ಕ್ರಮ ಇದೆ. ಭಾರತದಲ್ಲಿ ವಾಸ ಇರೋ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಹೊರಗೆ ಕಳಿಸಬಹುದಾದ ಮಿತಿ 2,50,000 ಅಮೆರಿಕನ್ ಡಾಲರ್. ಮಗನಿಗೆ ಉಡುಗೊರೆ ಅಂತ ಕಳಿಸುವಾಗ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕು 20% ಟಿ.ಸಿ.ಎಸ್. (ಮುಂಚಿತವಾಗಿ ವಸೂಲಿ ಮಾಡೋ ತೆರಿಗೆ) ಹಿಡಿಯುತ್ತೆ. ಅದು ಕಳೆದುಹೋಗೋ ದುಡ್ಡಲ್ಲ, ಅಪ್ಪ ರಿಟರ್ನ್ಸ್ ಹಾಕಿದಾಗ ಅವರ ತೆರಿಗೆಗೆ ಹೊಂದಿಕೊಂಡು ಉಳಿದದ್ದು ವಾಪಸ್ ಬರುತ್ತೆ. ಆದರೆ ಅಷ್ಟು ತಿಂಗಳು ಅದು ಕೈಗೆ ಸಿಗಲ್ಲ ಅಂತ ಲೆಕ್ಕ ಇಟ್ಟುಕೊಳ್ಳಿ. ಸೈಟು ಮಾರಿದ ಲಾಭದ ತೆರಿಗೆ ಬೇರೆ. ಮಾರೋ ಮುಂಚೆಯೇ ನಿಮ್ಮ ಆಡಿಟರ್ ಹತ್ತಿರ ಕೂತು ಬನ್ನಿ. ಇಲ್ಲಿನ ಬ್ಯಾಂಕು 90 ದಿನದ ಖಾತೆ ವಿವರ ಕೇಳುತ್ತೆ; ಅಪ್ಪನ ಸಹಿ ಇರೋ, ‘ಇದು ಉಡುಗೊರೆ, ಸಾಲವಲ್ಲ’ ಅನ್ನೋ ಪತ್ರವನ್ನೂ ಕೇಳುತ್ತೆ. ಕೊನೇ ವಾರದಲ್ಲಿ ದುಡ್ಡು ತರಿಸಿಕೊಂಡರೆ ಸಾಲ ಅಲ್ಲೇ ನಿಲ್ಲುತ್ತೆ.

ಕೈಯಿಂದ ಹಾಕೋ ಮುಂಗಡ ಕನಿಷ್ಠ ಎಷ್ಟು ಅಂದರೆ, ಮೊದಲ ಐದು ಲಕ್ಷಕ್ಕೆ 5%, ಅದರ ಮೇಲಿನದಕ್ಕೆ 10%. ಹತ್ತು ಲಕ್ಷದ ಮನೆಗೆ 75,000 ಡಾಲರ್. 20%ಗಿಂತ ಕಡಿಮೆ ಹಾಕಿದರೆ ಸಾಲಕ್ಕೆ ವಿಮೆ ಕಡ್ಡಾಯ. ಈ ಲೆಕ್ಕದಲ್ಲಿ ಅದು ಸುಮಾರು 37,000 ಡಾಲರ್, ಸಾಲಕ್ಕೇ ಸೇರುತ್ತೆ. ಆ ವಿಮೆ ಮೇಲಿನ 8% ಮಾರಾಟ ತೆರಿಗೆ ಮಾತ್ರ ಸಾಲಕ್ಕೆ ಸೇರಲ್ಲ, 2,960 ಡಾಲರ್ ನಗದಾಗಿ ಕೊಡಬೇಕು. ಬಹಳ ಜನ ಇದನ್ನು ಲೆಕ್ಕಕ್ಕೇ ಹಿಡಿದಿರಲ್ಲ.

ಪಿ.ಆರ್. ಬರೋ ತನಕ ಮನೆ ಕೊಳ್ಳಬೇಕು ಅಂದುಕೊಂಡ ಬಡಾವಣೆಯಲ್ಲೇ ಬಾಡಿಗೆಗೆ ಇರು. ಡ್ಯಾನ್‌ಫೋರ್ತ್, ರಿವರ್‌ಡೇಲ್, ರಾನ್ಸೆಸ್‌ವೇಲ್ಸ್ ಇವೆಲ್ಲ ನಮ್ಮ ಪಿ.ಜೆ. ಬಡಾವಣೆ ಇದ್ದ ಹಾಗೆ: ದೊಡ್ಡ ಮರ, ಕಿರಿದಾದ ನಿವೇಶನ, ಅಂಗಡಿ ಶಾಲೆ ಎಲ್ಲ ಕಾಲ್ನಡಿಗೆಯಲ್ಲಿ. ಹೊರವಲಯದಲ್ಲಿ ಅದೇ ದುಡ್ಡಿಗೆ ದೊಡ್ಡ ಹೊಸ ಮನೆ ಬರುತ್ತೆ, ಆದರೆ ಸಾಮಾನ್ಯವಾಗಿ ಗಂಡನಿಗೊಂದು ಹೆಂಡತಿಗೊಂದು ಕಾರು ಬೇಕು, ಚಳಿಗಾಲದಲ್ಲಿ ಮನೆಯಲ್ಲಿರೋ ಹಿರಿಯರು ಯಾರಾದರೂ ಕರೆದೊಯ್ಯೋ ತನಕ ಕೂಡಿಹಾಕಿದ ಹಾಗೆ. ಅಪ್ಪ ಅಮ್ಮನನ್ನು ಆರು ತಿಂಗಳು ಕರೆಸಿಕೊಳ್ಳೋ ಯೋಚನೆ ಇದ್ದರೆ ಈ ಒಂದು ವಿಷಯಕ್ಕೇ ನಾನು ಹಳೇ ಬಡಾವಣೆ ಅಂತೀನಿ.

ಈಗ ಮನೆ. ಇಲ್ಲಿನ ಹಳೇ ಮನೆಗಳಲ್ಲಿ ಬಹಳಷ್ಟು ನೂರು ವರ್ಷದ ಸುತ್ತಮುತ್ತಲಿನವು. ಮಾರೋರು ಹೊಸ ಅಡುಗೆಮನೆ, ಹೊಸ ಬಣ್ಣ ತೋರಿಸ್ತಾರೆ. ನೀನು ನೋಡಬೇಕಾದ್ದು ನೆಲದ ಕೆಳಗೆ, ಗೋಡೆಯ ಒಳಗೆ.

ಮೊದಲು ಒಳಚರಂಡಿ. ಮನೆಯಿಂದ ಬೀದಿಗೆ ಹೋಗೋ ಕೊಳವೆ ಮಣ್ಣಿನದ್ದಾಗಿದ್ದರೆ ಕೀಲುಗಳಲ್ಲಿ ಮರದ ಬೇರು ನುಗ್ಗಿರುತ್ತೆ. ಕ್ಯಾಮೆರಾ ಇಳಿಸಿ ನೋಡೋದಕ್ಕೆ ಕೆಲವು ನೂರು ಡಾಲರ್. ಅಗೆದು ಬದಲಾಯಿಸೋದಕ್ಕೆ ಸಾವಿರಗಟ್ಟಲೆ. ಹಳೇ ಟೊರೊಂಟೊದ ಬಹುಭಾಗದಲ್ಲಿ ಮಳೆನೀರು, ಕೊಳಚೆ ಎರಡಕ್ಕೂ ಒಂದೇ ಕೊಳವೆ. ಜೋರು ಮಳೆ ಬಂದಾಗ ಅದು ತುಂಬಿ, ಹಿಂದಕ್ಕೆ ಒತ್ತಿ, ನೆಲಮಾಳಿಗೆಯ ಕಿಂಡಿಯಿಂದ ಮೇಲೆ ಬರುತ್ತೆ. 2013ರ ಜುಲೈ 8ರಂದು, 2024ರ ಜುಲೈ 16ರಂದು ಎಷ್ಟೋ ಮನೆಗಳಲ್ಲಿ ಹೀಗೇ ಆಯ್ತು. ನೀರು ಹಿಂದಕ್ಕೆ ಬರದಂತೆ ತಡೆಯೋ ವಾಲ್ವ್ ಕೂರಿಸಿದ್ದಾರಾ ಕೇಳು. ನೆಲಮಾಳಿಗೆ ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಬಿಟ್ಟಿದೆಯಾ, ಬರೀ ಆ ಮೂಲೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದಾರಾ ನೋಡು.

ಆಮೇಲೆ ಕುಡಿಯೋ ನೀರಿನ ಕೊಳವೆ. 1950ರ ದಶಕದ ನಡುವಿಗಿಂತ ಹಳೇ ಮನೆಯಾದರೆ ಅದು ಸೀಸದ್ದಿರಬಹುದು. ಮೀಟರಿನ ಹತ್ತಿರ ನಾಣ್ಯದಲ್ಲಿ ಕೆರೆದು ನೋಡು: ಮೆತ್ತಗಿದ್ದು ಬೆಳ್ಳಿಯ ಹಾಗೆ ಹೊಳೆದು, ಅಯಸ್ಕಾಂತ ಹಿಡಿಯದಿದ್ದರೆ ಸೀಸ. ಚಿಕ್ಕ ಮಕ್ಕಳಿರೋ ಮನೆಗೆ ಇದು ಸಣ್ಣ ಮಾತಲ್ಲ.

ವೈರಿಂಗ್ ವಿಷಯದಲ್ಲಿ ಸುಮಾರು 1950ರ ತನಕ ಪಿಂಗಾಣಿ ಗುಬಟಿಗಳ ಮೇಲೆ ತಂತಿ ಎಳೀತಿದ್ದರು. ಅದು ಉಳಿದಿದ್ದರೆ ಬಹಳ ವಿಮಾ ಕಂಪನಿಗಳು ಮನೆಗೆ ವಿಮೆ ಕೊಡಲ್ಲ, ವಿಮೆ ಇಲ್ಲದೆ ಬ್ಯಾಂಕು ಸಾಲ ಬಿಡುಗಡೆ ಮಾಡಲ್ಲ. ಅದಕ್ಕೇ ವಿಮೆಯವರ ಒಪ್ಪಿಗೆಯನ್ನು ಸಹಿ ಹಾಕೋ ಮುಂಚೆ ತಗೋ. 60 ಆಂಪಿಯರ್ ವಿದ್ಯುತ್ ಪ್ಯಾನೆಲ್ ಇದ್ದರೂ ಅದೇ ತಕರಾರು. ನೀರು ಕಾಯಿಸೋ ಟ್ಯಾಂಕು ಸ್ವಂತದ್ದಾ ಬಾಡಿಗೆಯದ್ದಾ ಅಂತಲೂ ಕೇಳು. ಬಾಡಿಗೆ ಕರಾರು ಮನೆಯ ಜೊತೆ ನಿನ್ನ ತಲೆಗೆ ಬರುತ್ತೆ.

ಮನೆ ಮನೆಗಳ ನಡುವಿನ ಕಾರು ದಾರಿ ಎಷ್ಟೋ ಕಡೆ ಪಕ್ಕದವರ ಜೊತೆ ಜಂಟಿ. ವಕೀಲರು ಹಕ್ಕುಪತ್ರ ಶೋಧಿಸುವಾಗ ಅದು ದಾಖಲೆಯಲ್ಲಿದೆಯಾ ನೋಡಿಸು, ನಮ್ಮಲ್ಲಿ ಇ.ಸಿ. ತೆಗೆಸೋ ಕೆಲಸ ಇಲ್ಲಿ ಅವರದ್ದು, ನೀನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗೋದಿಲ್ಲ. ಹಿತ್ತಲಿನ ಮರದ ಕಾಂಡ 30 ಸೆಂಟಿಮೀಟರ್ ವ್ಯಾಸ ಮುಟ್ಟಿದ್ದರೆ ನಗರದ ಪರವಾನಗಿ ಇಲ್ಲದೆ ಕಡಿಯೋ ಹಾಗಿಲ್ಲ, ಮರ ನಿನ್ನದೇ ಆದರೂ.

ನೆಲಮಾಳಿಗೆ ಬಾಡಿಗೆಗೆ ಕೊಟ್ಟು ಕಂತು ಕಟ್ಟೋ ಲೆಕ್ಕವನ್ನು ನಮ್ಮವರೆಲ್ಲ ಹಾಕ್ತಾರೆ. ಬೆಂಕಿ ತಡೆಯೋ ಗೋಡೆ ಚಾವಣಿ, ತಪ್ಪಿಸಿಕೊಳ್ಳೋ ದಾರಿ, ಒಂದಕ್ಕೊಂದು ಜೋಡಿಸಿದ ಹೊಗೆ ಎಚ್ಚರಿಕೆ ಗಂಟೆ, ಸಾಕಷ್ಟು ಎತ್ತರ ಇವೆಲ್ಲ ಇಲ್ಲದೆ ಅದು ಕಾನೂನುಬದ್ಧ ಅಲ್ಲ. ಹಳೇ ನೆಲಮಾಳಿಗೆಗಳಲ್ಲಿ ಎತ್ತರವೇ ಸಾಲಲ್ಲ, ಪಾಯ ಕೆಳಗೆ ಇಳಿಸೋದು ಭಾರೀ ಖರ್ಚು. ಆ ಬಾಡಿಗೆ ಬರದಿದ್ದರೂ ಕಂತು ಕಟ್ಟೋ ಶಕ್ತಿ ಇದ್ದರೆ ಮಾತ್ರ ಮುಂದುವರಿ.

ಬೆಲೆಯ ರಾತ್ರಿ ಅಂತ ಒಂದಿರುತ್ತೆ. ಬೆಲೆ ಬೇಕಂತಲೇ ಕಡಿಮೆ ಹೇಳಿ, ಒಂದು ಸಂಜೆ ಎಲ್ಲರ ಆಫರ್ ಒಟ್ಟಿಗೆ ತೆರೀತಾರೆ. ಗೆಲ್ಲೋಕೆ ಸಾಲದ ಷರತ್ತು (ಸಾಲ ಸಿಗದಿದ್ದರೆ ಬಿಡಬಹುದು ಅನ್ನೋದು), ತಪಾಸಣೆ ಷರತ್ತು (ಮನೆಯಲ್ಲಿ ದೋಷ ಕಂಡರೆ ಬಿಡಬಹುದು ಅನ್ನೋದು) ಎರಡೂ ತೆಗೆ ಅಂತ ಒತ್ತಡ ಬರುತ್ತೆ. ತಪಾಸಣೆ ಷರತ್ತು ಬಿಡಲೇಬೇಕಾದರೆ ಆಫರ್ ಕೊಡೋ ಮುಂಚೆಯೇ ತಪಾಸಣೆ ಮಾಡಿಸಿ ಮುಗಿಸು. ಸಾಲದ ಷರತ್ತು ಬಿಡಬೇಡ. ಒಪ್ಪಿಗೆಯಾದರೆ 24 ಗಂಟೆಯಲ್ಲಿ ಸುಮಾರು 5% ಠೇವಣಿ ಕೊಡೋದು ರೂಢಿ. ಹಳೇ ಮನೆ ವ್ಯವಹಾರದಲ್ಲಿ ಮನಸ್ಸು ಬದಲಾಯಿಸೋಕೆ ಕಾನೂನು ಸಮಯ ಕೊಡಲ್ಲ. ಹಿಂದೆ ಸರಿದರೆ ಠೇವಣಿ ಹೋಗುತ್ತೆ, ಮೇಲೆ ನಷ್ಟದ ದಾವೆಯೂ ಬರಬಹುದು.

ಸಾಲ 25 ವರ್ಷದ್ದಾದರೂ ಬಡ್ಡಿ ಕರಾರು ಸಾಮಾನ್ಯವಾಗಿ ಐದು ವರ್ಷದ್ದು. ಸ್ಥಿರ ಬಡ್ಡಿಯಲ್ಲಿ ನಡುವೆ ಮನೆ ಮಾರಿದರೆ ಮೂರು ತಿಂಗಳ ಬಡ್ಡಿ ಅಥವಾ ಉಳಿದ ಅವಧಿಯ ಬಡ್ಡಿ ವ್ಯತ್ಯಾಸ, ಯಾವುದು ಹೆಚ್ಚೋ ಅಷ್ಟು ದಂಡ. ಕೆಲಸಕ್ಕೆ ಊರು ಬದಲಾಗೋ ಸಾಧ್ಯತೆ ಇದ್ದರೆ ಮೂರು ವರ್ಷದ ಕರಾರು ಕೇಳು, ಸಾಲವನ್ನು ಇನ್ನೊಂದು ಮನೆಗೆ ವರ್ಗಾಯಿಸೋ ಅವಕಾಶ ಇದೆಯಾ ಅಂತ ಬರಹದಲ್ಲಿ ತಗೋ.