ಮಾಲು ಬಿಡಿಸುವವರ ಪಾಠಶಾಲೆ: ನಿಮ್ಮ ಪ್ರಶ್ನೆಗೆ ನಮ್ಮ ಉತ್ತರ

ಹೊರದೇಶದಿಂದ ಬಂದ ಮಾಲನ್ನು ಕಸ್ಟಮ್ಸ್‌ನಿಂದ ಬಿಡಿಸಿಕೊಡುವ ಬ್ರೋಕರ್ ಕೆಲಸದ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂದಿದ್ದೆವು. ಚೆನ್ನಾಗಿಯೇ ಬರೆದಿದ್ದೀರಿ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ, ಉದ್ದದ್ದನ್ನು ಸ್ವಲ್ಪ ಕತ್ತರಿಸಿ ಇಲ್ಲಿ ಕೊಟ್ಟಿದ್ದೇನೆ.

ಸರ್, ನಾನು ಬಿ.ಕಾಂ. ಮುಗಿಸಿ ಪಣಂಬೂರಿನ ಒಂದು ಸಿಎಚ್‌ಎ (ಕಸ್ಟಮ್ಸ್ ಬ್ರೋಕರ್) ಆಫೀಸಿನಲ್ಲಿದ್ದೇನೆ. ಎಚ್ ಕಾರ್ಡ್ ಇದೆ. ದಿನಾ ಬಂದರಿಗೆ ಓಡಾಟ, ಫೈಲ್ ಹೊರುವುದು, ಇಷ್ಟೇ. ಸ್ವಂತ ಲೈಸೆನ್ಸ್ ಮಾಡಿಕೊಳ್ಳೋಕೆ ದಾರಿ ಯಾವುದು? – ಸುರತ್ಕಲ್‌ನ ಓದುಗ

ದಾರಿ ಇದೆ, ಮೂರು ಮೆಟ್ಟಿಲು. ನೀವು ಈಗ ಮೊದಲನೆಯದರ ಮೇಲಿದ್ದೀರಿ. ಎಚ್ ಕಾರ್ಡ್ ಇದ್ದವರು ಓಡಾಡಬಹುದು, ಸಹಾಯ ಮಾಡಬಹುದು, ಆದರೆ ಕಾಗದಕ್ಕೆ ಸಹಿ ಹಾಕುವ ಹಾಗಿಲ್ಲ. ಮುಂದಿನದು ಜಿ ಕಾರ್ಡ್. ಅದಕ್ಕೆ ನಿಮ್ಮ ಕಸ್ಟಮ್ ಹೌಸ್‌ನಲ್ಲೇ ಡೆಪ್ಯುಟಿ ಅಥವಾ ಅಸಿಸ್ಟೆಂಟ್ ಕಮಿಷನರ್ ನಡೆಸುವ ಪರೀಕ್ಷೆ ಇರುತ್ತದೆ. ಅದು ಪಾಸಾದರೆ ಬ್ರೋಕರ್ ಪರವಾಗಿ ಸಹಿ ಹಾಕಬಹುದು. ಡಿಗ್ರಿ ಇದ್ದು, ಜಿ ಕಾರ್ಡ್ ಇಟ್ಟುಕೊಂಡು ಎರಡು ವರ್ಷ ಕೆಲಸ ಮಾಡಿದವರು ಲೈಸೆನ್ಸ್ ಪರೀಕ್ಷೆಗೆ ಅರ್ಜಿ ಹಾಕಬಹುದು. ಅದನ್ನು ನಡೆಸುವುದು ಕಸ್ಟಮ್ಸ್ ಇಲಾಖೆಯ ಅಕಾಡೆಮಿ, ನಾಸಿನ್. ಅಲ್ಲಿ ಪಾಸಾದವರಿಗೆ ಎಫ್ ಕಾರ್ಡ್. ಇದೆಲ್ಲ 2018ರ ಕಸ್ಟಮ್ಸ್ ಬ್ರೋಕರ್ಸ್ ಲೈಸೆನ್ಸಿಂಗ್ ನಿಯಮಗಳಲ್ಲಿದೆ. ಆಫೀಸಿನಲ್ಲಿ ಒಂದು ಪ್ರತಿ ಇದ್ದೇ ಇರುತ್ತದೆ, ಊಟದ ಹೊತ್ತಿಗೆ ತೆಗೆದು ಓದಿ.

ದುಡ್ಡಿನ ವಿಷಯವನ್ನೂ ಈಗಲೇ ತಿಳಿದುಕೊಳ್ಳಿ. ಕನಿಷ್ಠ 5 ಲಕ್ಷ ರೂಪಾಯಿಯ ಆಸ್ತಿ ಇದೆ ಅಂತ ತೋರಿಸಬೇಕು, ಲೈಸೆನ್ಸ್ ಸಿಗುವಾಗ ಇನ್ನೊಂದು 5 ಲಕ್ಷಕ್ಕೆ ಭದ್ರತೆ ಇಡಬೇಕು. ಮೊದಲು ಹತ್ತು ವರ್ಷಕ್ಕೊಮ್ಮೆ ನವೀಕರಣದ ತಲೆನೋವಿತ್ತು, 2021ರಲ್ಲಿ ಅದನ್ನು ತೆಗೆದರು. ಆದರೆ ಒಂದು ವರ್ಷ ಏನೂ ಕೆಲಸ ಮಾಡದೆ ಸುಮ್ನೆ ಇಟ್ಟುಕೊಂಡರೆ ಲೈಸೆನ್ಸಿಗೇ ಕುತ್ತು.

ಇನ್ನು ಫೈಲ್ ಹೊರುವ ಬೇಸರ. ಹೊರುವ ಮುಂಚೆ ಒಮ್ಮೆ ತೆಗೆದು ನೋಡುತ್ತೀರಾ? ಮಂಗಳೂರಿಗೆ ಆಫ್ರಿಕಾದ ಹಸಿ ಗೋಡಂಬಿ ಬರುತ್ತದೆ, ಮರದ ದಿಮ್ಮಿ ಬರುತ್ತದೆ. ಇವೆರಡಕ್ಕೂ ಕಸ್ಟಮ್ಸ್ ಒಪ್ಪಿದರೆ ಸಾಲದು, ಗಿಡಮರದ ರೋಗ, ಕೀಟ ಒಳಬರದಂತೆ ತಡೆಯುವ ಪ್ಲಾಂಟ್ ಕ್ವಾರಂಟೈನ್‌ನವರೂ ಒಪ್ಪಬೇಕು. ಆ ಒಪ್ಪಿಗೆ ಯಾವ ಕಾಗದದಲ್ಲಿ ಬರುತ್ತದೆ, ಅದು ತಡವಾದರೆ ಡೆಮರೇಜ್ (ಮಾಲು ಬಿದ್ದಿರುವುದಕ್ಕೆ ಕಟ್ಟುವ ಬಾಡಿಗೆ) ಎಷ್ಟು ಬೀಳುತ್ತದೆ ಅನ್ನುವುದು ನಿಮ್ಮ ಕೈಯಲ್ಲಿರುವ ಫೈಲಿನಲ್ಲೇ ಇದೆ. ಕೋಚಿಂಗ್‌ಗೆ ಸೇರಿದವರಿಗೆ ಆ ಫೈಲ್ ಎಲ್ಲಿ ಸಿಗಬೇಕು?

ಎಂಬಿಎ ಆಗಿದೆ. ಜಿ ಕಾರ್ಡ್ ಇಲ್ಲದೆ ನೇರವಾಗಿ ಪರೀಕ್ಷೆ ಬರೆಯಬಹುದಾ? ತುಂಬಾ ಕಷ್ಟ ಅಂತಾರೆ, ಏನು ಓದಬೇಕು? – ದಾವಣಗೆರೆ

ಬರೆಯಬಹುದು. ಸಿಎ, ಸಿಎಸ್, ಎಂಬಿಎ, ಎಲ್‌ಎಲ್‌ಬಿ ಇದ್ದವರಿಗೆ ಆ ಎರಡು ವರ್ಷದ ಷರತ್ತಿಲ್ಲ.

ಪರೀಕ್ಷೆ ಕಷ್ಟವೇ. 150 ಪ್ರಶ್ನೆ, ಸರಿಯಾದರೆ 3 ಅಂಕ, ತಪ್ಪಾದರೆ 1 ಅಂಕ ಕಳೆಯುತ್ತಾರೆ. ಒಟ್ಟು 450ಕ್ಕೆ 270 ಬರಬೇಕು. ಆಮೇಲೆ ಮೌಖಿಕ, ಅದರಲ್ಲೂ ನೂರಕ್ಕೆ 60. ಜನ ಕಸ್ಟಮ್ಸ್ ಕಾಯ್ದೆಯೊಂದನ್ನೇ ಉರುಹೊಡೆದು ಹೋಗುತ್ತಾರೆ. ಆದರೆ ಔಷಧ ಕಾಯ್ದೆ, ಶಸ್ತ್ರಾಸ್ತ್ರ ಕಾಯ್ದೆ, ಆಹಾರ ಸುರಕ್ಷತೆ, ವಿದೇಶಿ ವಿನಿಮಯ, ಕೊನೆಗೆ ಭ್ರಷ್ಟಾಚಾರ ತಡೆ ಕಾಯ್ದೆ ಕೂಡ ಸಿಲಬಸ್‌ನಲ್ಲಿದೆ. (ಕೊನೆಯದನ್ನು ಯಾಕೆ ಇಟ್ಟರು ಅಂತ ನಾನು ವಿವರಿಸಬೇಕಾಗಿಲ್ಲ.)

ನನ್ನ ಸಲಹೆ ಕೇಳಿದರೆ ಲೆಕ್ಕದಿಂದ ಶುರು ಮಾಡಿ. ವಿಮೆ, ಸಾಗಣೆ ಎಲ್ಲ ಸೇರಿ ಮಾಲಿನ ಬೆಲೆ 1,00,000 ರೂಪಾಯಿ, ಬೇಸಿಕ್ ಡ್ಯೂಟಿ 7.5% ಅಂತ ಇಟ್ಟುಕೊಳ್ಳಿ. ಡ್ಯೂಟಿ 7,500. ಅದರ ಮೇಲೆ 10% ಸಮಾಜ ಕಲ್ಯಾಣ ಸರ್‌ಚಾರ್ಜ್, 750. ಗಮನಿಸಿ, ಸರ್‌ಚಾರ್ಜ್ ಲೆಕ್ಕ ಹಾಕುವುದು ಡ್ಯೂಟಿಯ ಮೇಲೆ, ಬೆಲೆಯ ಮೇಲಲ್ಲ. ಈಗ ಮೂರನ್ನೂ ಕೂಡಿಸಿ, ಆ 1,08,250ರ ಮೇಲೆ 18% ಐಜಿಎಸ್‌ಟಿ ಹಾಕಿ, 19,485. ಒಟ್ಟು 27,735 ಕಟ್ಟಬೇಕು. ಹೀಗೆ ನೇರವಾಗಿ ಕೇಳಿದರೆ ಎಲ್ಲರೂ ಮಾಡುತ್ತಾರೆ. ಆದರೆ ಸಾಗಣೆ ಖರ್ಚು ಎಷ್ಟು ಅಂತ ಗೊತ್ತಾಗದಿದ್ದರೆ ಎಫ್‌ಒಬಿ ಬೆಲೆಯ (ಸಾಗಣೆ, ವಿಮೆ ಸೇರದ ಬೆಲೆ) 20% ಹಾಕಬೇಕು, ವಿಮೆ ಗೊತ್ತಾಗದಿದ್ದರೆ 1.125%, ವಿಮಾನದಲ್ಲಿ ಬಂದ ಮಾಲಾದರೆ ಸಾಗಣೆ ಎಷ್ಟೇ ಆಗಿದ್ದರೂ 20% ದಾಟಿಸುವ ಹಾಗಿಲ್ಲ. ಇಲ್ಲೇ ಸಿಕ್ಕಿಸುತ್ತಾರೆ. ಇನ್ನೊಂದು ಮೆಚ್ಚಿನ ಬಲೆ ದಿನಾಂಕದ್ದು. ಡಾಲರ್ ದರ ತೆಗೆದುಕೊಳ್ಳುವುದು ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಮಾಲಿನ ವಿವರ ಕೊಟ್ಟು ಕಸ್ಟಮ್ಸ್‌ಗೆ ಸಲ್ಲಿಸುವ ಕಾಗದ, ಹಾಕಿದ ದಿನದ್ದು. ಡ್ಯೂಟಿ ದರ ಹಾಗಲ್ಲ: ಬಿಲ್ ಹಾಕಿದ ದಿನ, ಹಡಗಿಗೆ ಒಳಬರಲು ಅನುಮತಿ ಸಿಕ್ಕ ದಿನ, ಇವೆರಡರಲ್ಲಿ ಯಾವುದು ಆಮೇಲಿನದೋ ಅದು. ಡಾಲರ್ ದರವೂ ಬ್ಯಾಂಕಿನದಲ್ಲ, ಕಸ್ಟಮ್ಸ್ ಮಂಡಳಿ ಪ್ರಕಟಿಸಿದ್ದು.

ಎಂಬಿಎ ಇರುವವರು ಪಾಸಾಗಿಬಿಡುತ್ತಾರೆ, ಆದರೆ ಲೈಸೆನ್ಸ್ ಕೈಗೆ ಬಂದ ದಿನ ಒಂದು ಮಾಲನ್ನೂ ಬಿಡಿಸಿ ಗೊತ್ತಿರುವುದಿಲ್ಲ. ಷರತ್ತು ಇಲ್ಲದಿದ್ದರೂ ಒಂದು ವರ್ಷ ಯಾರ ಬಳಿಯಾದರೂ ಕೆಲಸ ಮಾಡಿ.

ಮಗನಿಗೆ ಒಂದು ಸಂಸ್ಥೆಯವರು ಮೂರು ತಿಂಗಳ ಕೋರ್ಸು, ಆಮೇಲೆ "ಕಸ್ಟಮ್ಸ್‌ನಲ್ಲಿ ಕೆಲಸ ಗ್ಯಾರಂಟಿ" ಅಂತಿದ್ದಾರೆ. ಫೀಸು ಜಾಸ್ತಿ. ಸೇರಿಸಲಾ? – ಮಂಡ್ಯದ ತಾಯಿ

ಬೇಡಮ್ಮ. ಕಸ್ಟಮ್ಸ್‌ನಲ್ಲಿ ಸರ್ಕಾರಿ ಕೆಲಸ ಸಿಗುವುದು ಎಸ್‌ಎಸ್‌ಸಿ, ಯುಪಿಎಸ್‌ಸಿ ಪರೀಕ್ಷೆಯಿಂದ. ಬ್ರೋಕರ್ ಆಫೀಸಿನ ಕೆಲಸ ಖಾಸಗಿ ಕೆಲಸ, ಅದು ಬೇರೆ. ಎರಡನ್ನೂ ಬೇಕಂತಲೇ ಕಲಸಿ ಹೇಳುವವರಿಗೆ ದುಡ್ಡು ಕೊಡಬೇಡಿ. ಮಗ ಪಿಯುಸಿ ಪಾಸಾಗಿದ್ದರೆ ಬ್ರೋಕರ್ ಆಫೀಸಿಗೆ ನೇರವಾಗಿ ಸೇರಬಹುದು, ಸಂಬಳ ತೆಗೆದುಕೊಂಡೇ ಕಲಿಯಬಹುದು.

ಪೀಣ್ಯದಲ್ಲಿ ಸಣ್ಣ ಫ್ಯಾಕ್ಟರಿ ಇದೆ. ತೈವಾನ್‌ನಿಂದ ಒಂದು ಮಷಿನ್ ತರಿಸುತ್ತಿದ್ದೇನೆ. ಬ್ರೋಕರ್ ನನ್ನ ಕರೆಂಟ್ ಬಿಲ್ಲು, ಬಾಡಿಗೆ ಕರಾರು ಎಲ್ಲ ಕೇಳುತ್ತಾನೆ, ಮಷಿನ್ ಏನು ಮಾಡುತ್ತೆ ಅಂತ ಹತ್ತು ಸಲ ಫೋನ್ ಮಾಡುತ್ತಾನೆ. ದುಡ್ಡು ಕೊಡೋದು ನಾನು, ನನ್ನನ್ನೇ ತನಿಖೆ ಮಾಡಿದ ಹಾಗಿದೆ.

ಇಂಥ ಬ್ರೋಕರ್ ಸಿಕ್ಕಿದ್ದಕ್ಕೆ ಕೋಪ ಮಾಡಿಕೊಂಡಿರುವುದು ನೀವೊಬ್ಬರೇ ಇರಬೇಕು ಸ್ವಾಮಿ.

ನಿಯಮವೇ ಹಾಗಿದೆ. ಪಾರ್ಟಿಯ, ಅಂದರೆ ಮಾಲು ತರಿಸುವವರ ಐಇಸಿ (ಆಮದು-ರಫ್ತು ಮಾಡುವವರಿಗೆ ಕೊಡುವ ಕೋಡ್ ನಂಬರ್) ಸರಿ ಇದೆಯಾ, ಜಿಎಸ್‌ಟಿ ನಂಬರ್ ಸರಿ ಇದೆಯಾ, ಹೇಳಿದ ವಿಳಾಸದಲ್ಲಿ ನಿಜವಾಗಿ ವ್ಯವಹಾರ ನಡೀತಿದೆಯಾ ಅಂತ ನಂಬಬಹುದಾದ ಕಾಗದದಿಂದ ನೋಡಿಕೊಳ್ಳುವುದು ಬ್ರೋಕರ್ ಹೊಣೆ. ಯಾರದೋ ಐಇಸಿ ಬಾಡಿಗೆಗೆ ತಗೊಂಡು ಮಾಲು ತರಿಸಿ ಮಾಯವಾದವರ ಕಥೆಗಳು ಈ ಲೈನಿನಲ್ಲಿ ಬೇಕಾದಷ್ಟಿವೆ. ಆಮೇಲೆ ಇಲಾಖೆಯವರಿಗೆ ಕೈಗೆ ಸಿಗುವುದು ಬ್ರೋಕರ್ ಒಬ್ಬನೇ. 50,000 ರೂಪಾಯಿವರೆಗೆ ದಂಡ ಹಾಕಬಹುದು, ಲೈಸೆನ್ಸ್ ಅಮಾನತು ಮಾಡಬಹುದು, ಪೂರ್ತಿ ಕಿತ್ತುಕೊಳ್ಳಲೂಬಹುದು. ಹಾಗಂತ ಬ್ರೋಕರ್ ಪೊಲೀಸ್ ಅಲ್ಲ. ವ್ಯವಹಾರದ ಅಸಲಿತನ ಅಳೆಯುವ ಇನ್‌ಸ್ಪೆಕ್ಟರ್ ಅವನಲ್ಲ ಅಂತ ದೆಹಲಿ ಹೈಕೋರ್ಟ್ 2017ರಲ್ಲೇ ಹೇಳಿದೆ. ಆದರೆ ನೋಡಬೇಕಾದ್ದನ್ನು ನೋಡಿದ್ದೇನೆ ಅಂತ ತೋರಿಸಲು ಫೈಲಿನಲ್ಲಿ ನಿಮ್ಮ ಕರೆಂಟ್ ಬಿಲ್ಲಾದರೂ ಇರಬೇಕಲ್ವಾ? ಆ ದಾಖಲೆಗಳನ್ನು ಅವನು ಐದು ವರ್ಷ ಕಾಪಾಡಬೇಕು.

ಇನ್ನು ಮಷಿನ್ ಏನು ಮಾಡುತ್ತೆ ಅನ್ನುವ ಪ್ರಶ್ನೆ. ಅವನು ಎಂಟು ಅಂಕಿಯ ಎಚ್‌ಎಸ್ ಕೋಡ್, ಅಂದರೆ ಮಾಲು ಯಾವ ವರ್ಗದ್ದು ಅಂತ ಹೇಳುವ ನಂಬರು ಹುಡುಕುತ್ತಿದ್ದಾನೆ. ಲೋಹ ಕತ್ತರಿಸುವ ಮಷಿನ್ನಿಗೆ ಒಂದು ಕೋಡ್, ಬಗ್ಗಿಸುವುದಕ್ಕೆ ಇನ್ನೊಂದು, ಲೇಸರ್ ಇದ್ದರೆ ಮತ್ತೊಂದು. ಕ್ಯಾಟಲಾಗ್ ಕಳಿಸಿಬಿಡಿ, ಫೋನ್ ನಿಲ್ಲುತ್ತದೆ.

ದೇವನಹಳ್ಳಿ ಏರ್ ಕಾರ್ಗೋ ಹತ್ತಿರ ನಂದೊಂದು ಚಿಕ್ಕ ಬ್ರೋಕರ್ ಆಫೀಸು. ಹೊಸ ಹುಡುಗರನ್ನು ತಯಾರು ಮಾಡಿ ಸಾಕಾಯ್ತು. ಹಳೇ ಬಿಲ್ ನೋಡಿ ಅದೇ ಕೋಡ್ ಹಾಕ್ತಾರೆ, ಕ್ವೆರಿ ಬಂದಾಗ ನನ್ನ ಮುಖ ನೋಡ್ತಾರೆ. ಯಾವ ಕೋರ್ಸಿಗೆ ಕಳಿಸಲಿ?

ಕೋರ್ಸು ಆಮೇಲೆ. ಹಳೇ ಬಿಲ್ ನೋಡಿ ಹಾಕು ಅಂತ ಅವರಿಗೆ ಕಲಿಸಿದ್ದು ಯಾರು? ಬೆಳಿಗ್ಗೆ ಸೇರಿದ ಹುಡುಗನಿಗೆ ಮಧ್ಯಾಹ್ನ ಸಾಫ್ಟ್‌ವೇರ್ ತೆರೆದುಕೊಟ್ಟು "ಹೋದ ಸಲದ್ದನ್ನೇ ಕಾಪಿ ಮಾಡು" ಅನ್ನುವುದು ಎಲ್ಲ ಆಫೀಸಿನ ರೂಢಿ. ನಿಮ್ಮಲ್ಲೂ ಹಾಗೇ ನಡೆದಿರುತ್ತದೆ, ಬೇಜಾರು ಮಾಡ್ಕೋಬೇಡಿ.

ಹೀಗೆ ಮಾಡಿ ನೋಡಿ. ಕ್ಲಿಯರ್ ಆಗಿ ಮುಗಿದ ಹಳೇ ಫೈಲುಗಳಿಂದ ಇನ್‌ವಾಯ್ಸು, ಪ್ಯಾಕಿಂಗ್ ಲಿಸ್ಟು, ಕ್ಯಾಟಲಾಗ್ ಮಾತ್ರ ಕೊಡಿ, ಬಿಲ್ ಆಫ್ ಎಂಟ್ರಿ ಮುಚ್ಚಿಡಿ. ಕೋಡ್ ಹುಡುಕಲಿ. ಹುಡುಕಿದ್ದಷ್ಟೇ ಸಾಲದು, ಕಸ್ಟಮ್ಸ್ ಸುಂಕದ ಪಟ್ಟಿಯ ಯಾವ ಅಧ್ಯಾಯದ ಯಾವ ಟಿಪ್ಪಣಿ ನೋಡಿ ಹಾಕಿದ್ದು, ಅದರ ಪಕ್ಕದ ಕೋಡ್ ಯಾಕೆ ಅಲ್ಲ ಅಂತ ನಾಲ್ಕು ಸಾಲು ಬರೆಯಲಿ.

ಮೊದಲ ಪಾಠಕ್ಕೆ ಅಡಿಕೆಗಿಂತ ಒಳ್ಳೆಯ ಮಾಲಿಲ್ಲ, ನಮ್ಮ ಹುಡುಗರಿಗೆ ಅಡಿಕೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬರೀ ಅಡಿಕೆ 8ನೇ ಅಧ್ಯಾಯ, ಬೇಸಿಕ್ ಡ್ಯೂಟಿ 100%, ಮೇಲಾಗಿ 2023ರಿಂದ ಕಿಲೋಗೆ 351 ರೂಪಾಯಿಗಿಂತ ಕಡಿಮೆ ಬೆಲೆಗೆ ಸಾಮಾನ್ಯವಾಗಿ ತರಿಸುವ ಹಾಗಿಲ್ಲ. ಹುರಿದ ಅಡಿಕೆ ಅಂದರೆ 20ನೇ ಅಧ್ಯಾಯಕ್ಕೆ ಹೋಯಿತು. ಸುಪಾರಿ ಅಂದರೆ 21. ಹಾಗಾದರೆ ಸ್ವಲ್ಪ ಬಿಸಿ ತೋರಿಸಿ ಒಣಗಿಸಿದ್ದು ಹುರಿದ ಅಡಿಕೆಯಾ? ಇದೇ ಪ್ರಶ್ನೆ ಹಿಡಿದು ಹೈಕೋರ್ಟಿನವರೆಗೆ ಹೋಗಿದ್ದಾರೆ. ಹುಡುಗರು ಒಂದು ಗಂಟೆ ಜಗಳವಾಡಲಿ, ಬಿಡಿ. ಆಮೇಲೆ ಎರಡನೇ ಕಾಗದ ಕೊಡಿ: ನಮ್ಮ ಜೊತೆ ವ್ಯಾಪಾರ ಒಪ್ಪಂದ ಇರುವ ದೇಶದ, ಮಾಲು ಅಲ್ಲಿಯದೇ ಅನ್ನುವ ಪ್ರಮಾಣಪತ್ರ. ಅದನ್ನು ತೋರಿಸಿ ಡ್ಯೂಟಿ ರಿಯಾಯಿತಿ ಬೇಕು ಅಂತ ಪಾರ್ಟಿ ಹೇಳುತ್ತಾನೆ. ಆ ದೇಶದಲ್ಲಿ ಅಷ್ಟು ಅಡಿಕೆ ಬೆಳೆಯುತ್ತದಾ ಅಂತ ಯಾರಾದರೂ ಕೇಳಿದರೆ ಆ ಹುಡುಗನನ್ನು ಬಿಟ್ಟುಕೊಡಬೇಡಿ, ಸಂಬಳ ಜಾಸ್ತಿ ಮಾಡಿ. 2020ರ ಸೆಪ್ಟೆಂಬರ್‌ನಿಂದ ಇರುವ ಕೆರೋಟಾರ್ ನಿಯಮದ ಪ್ರಕಾರ ಮೂಲ ದೇಶದ ವಿವರ ಆಮದುದಾರನ ಹತ್ತಿರವೇ ಇರಬೇಕು, ಪ್ರಮಾಣಪತ್ರ ತೋರಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ.

ಇನ್ನೊಂದು, ಬರೆಯಲು ಕಲಿಸಿ. ಮೊದಲೆಲ್ಲ ಅಪ್ರೈಸರ್ (ಬಿಲ್ ಪರಿಶೀಲಿಸುವ ಕಸ್ಟಮ್ಸ್ ಅಧಿಕಾರಿ) ಮೇಜಿನ ಮುಂದೆ ನಿಂತು ಸ್ಯಾಂಪಲ್ ತೋರಿಸಿ, ಕೈ ಬಾಯಿ ಆಡಿಸಿ ಒಪ್ಪಿಸಬಹುದಿತ್ತು. 2020ರ ಜೂನ್ 8ರಿಂದ ಫೇಸ್‌ಲೆಸ್ ಅಸೆಸ್‌ಮೆಂಟ್ ಶುರುವಾಯ್ತಲ್ಲ, ಅದೂ ಮೊದಲು ಬೆಂಗಳೂರು, ಚೆನ್ನೈಗಳಲ್ಲಿ, ಯಂತ್ರ ಮತ್ತು ಎಲೆಕ್ಟ್ರಿಕಲ್ ಮಾಲಿಗೆ. ಆ ಅಕ್ಟೋಬರ್ ಕೊನೆಗೆ ದೇಶಕ್ಕೆಲ್ಲ ಬಂತು. ಈಗ ನಿಮ್ಮ ಬಿಲ್ ನೋಡುವ ಅಧಿಕಾರಿ ಯಾವ ಊರಲ್ಲಿದ್ದಾರೋ! ಅವರ ಕ್ವೆರಿಗೆ "ಪ್ಲೀಸ್ ಕ್ಲಿಯರ್" ಅಂತ ಉತ್ತರ ಹಾಕಿದರೆ ಮತ್ತೆ ಕ್ವೆರಿ ಬರುತ್ತದೆ, ಶೆಡ್‌ನಲ್ಲಿ ಮಾಲಿನ ಮೇಲೆ ಬಾಡಿಗೆ ಏರುತ್ತದೆ. ಮಾಲು ಏನು, ಯಾವುದಕ್ಕೆ ಬಳಸುತ್ತಾರೆ, ಕ್ಯಾಟಲಾಗಿನ ಯಾವ ಪುಟದಲ್ಲಿದೆ ಅಂತ ನಾಲ್ಕೇ ವಾಕ್ಯದಲ್ಲಿ ಹೇಳಲು ಬಂದರೆ ಎಷ್ಟೋ ಕ್ವೆರಿ ಒಂದೇ ಸುತ್ತಿಗೆ ಮುಗಿಯುತ್ತವೆ.

ಚೆಕ್‌ಲಿಸ್ಟ್, ಅಂದರೆ ಬಿಲ್ಲಿನ ಕರಡು, ಪಾರ್ಟಿಗೆ ಕಳಿಸಿ "ಓಕೆ" ಬರುವವರೆಗೆ ಬಿಲ್ ಹಾಕಬಾರದು ಅಂತಲೂ ಕಟ್ಟುನಿಟ್ಟು ಮಾಡಿ. ಹಾಗಂತ ಕಾಯುತ್ತಾ ಕೂರುವುದೂ ಆಗದು. 2021ರಿಂದ ಮಾಲು ಬರುವ ಹಿಂದಿನ ದಿನದೊಳಗೇ ಬಿಲ್ ಹಾಕಿರಬೇಕು ಅನ್ನುವುದು ಸಾಮಾನ್ಯ ನಿಯಮ, ವಿಮಾನದ ಮಾಲು ಮುಂತಾದ ಕೆಲವಕ್ಕೆ ಸ್ವಲ್ಪ ಸಡಿಲ ಇದೆ. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂಪಾಯಿ. ಈ ದುಡ್ಡು ಯಾರು ಕಟ್ಟಬೇಕು ಅಂತ ಪಾರ್ಟಿ ಜೊತೆ ಮೊದಲೇ ಮಾತಾಡಿಕೊಳ್ಳಿ.

ಅವರು ಕಲಿತು ಬೇರೆ ಆಫೀಸಿಗೆ ಹೋಗುತ್ತಾರೆ ಅನ್ನುವ ಭಯಕ್ಕೆ ನನ್ನ ಹತ್ತಿರ ಮದ್ದಿಲ್ಲ. ಕಲಿಯದೆ ನಿಮ್ಮಲ್ಲೇ ಉಳಿದರೆ ಖರ್ಚು ಅದಕ್ಕಿಂತ ಜಾಸ್ತಿ.

ಭಾವ ದುಬೈನಿಂದ ಬರುತ್ತಿದ್ದಾರೆ, ಸ್ವಲ್ಪ ಚಿನ್ನ ತರ್ತಾರಂತೆ. ಪರಿಚಯದ ಬ್ರೋಕರ್ ಇದ್ದರೆ ಸುಲಭವಾಗಿ ಹೊರಗೆ ಬರಬಹುದಾ?

ಕೈಚೀಲದ ಚಿನ್ನಕ್ಕೂ ಬ್ರೋಕರ್‌ಗೂ ಸಂಬಂಧವಿಲ್ಲ. ಮಿತಿ ದಾಟಿದ್ದರೆ ರೆಡ್ ಚಾನೆಲ್‌ಗೆ ಹೋಗಿ ಹೇಳಿ, ಡ್ಯೂಟಿ ಕಟ್ಟಿ ಬರಲು ಹೇಳಿ. ಪರಿಚಯದವರ ಹೆಸರು ಕೇಳಿದ್ದನ್ನು ನಾನು ಓದಿಲ್ಲ ಅಂದುಕೊಳ್ಳಿ.

ಹುಬ್ಬಳ್ಳಿಯವಳು, ಬಿ.ಕಾಂ. ಆಗಿದೆ. ಈ ಕೆಲಸ ಹೆಣ್ಣುಮಕ್ಕಳಿಗೆ ಆಗೋದಿಲ್ಲ, ರಾತ್ರಿ ಹಗಲು ಬಂದರಿನಲ್ಲಿ ನಿಲ್ಲಬೇಕು ಅಂತ ಮನೇಲಿ ಹೇಳ್ತಾರೆ. ನಿಜವಾ?

ಅರ್ಧ ನಿಜ, ಅದೂ ಹಳೇ ಕಾಲದ ಅರ್ಧ. ಬಿಲ್ ಹಾಕುವುದು, ಕಾಗದ ಅಪ್‌ಲೋಡ್, ಡ್ಯೂಟಿ ಕಟ್ಟುವುದು, ಕ್ವೆರಿಗೆ ಉತ್ತರ, ಎಲ್ಲ ಆನ್‌ಲೈನ್. ಪೆಟ್ಟಿಗೆ ತೆರೆದು ನೋಡಬೇಕು ಅಂತ ಬಂದಾಗ ಮಾತ್ರ ಯಾರಾದರೂ ಶೆಡ್‌ಗೆ ಹೋಗಬೇಕು. ಅದಕ್ಕೂ ನೀವು ಹೋಗಿ ಅನ್ನುತ್ತೇನೆ. ಮಾಲು ಕಣ್ಣಾರೆ ನೋಡದವರು ಕೋಡ್ ಹಾಕುವಾಗ ತಡವರಿಸುತ್ತಾರೆ. ಬೆಂಗಳೂರಿನಲ್ಲಾದರೆ ದೇವನಹಳ್ಳಿ ಇಲ್ಲವೇ ವೈಟ್‌ಫೀಲ್ಡ್ ಕಂಟೇನರ್ ಡಿಪೋ ಸುತ್ತಮುತ್ತ ಆಫೀಸುಗಳಿವೆ. ಇಂಟರ್‌ವ್ಯೂನಲ್ಲಿ ನೀವೂ ಎರಡು ಪ್ರಶ್ನೆ ಕೇಳಿ: ಜಿ ಕಾರ್ಡ್ ಪರೀಕ್ಷೆಗೆ ಕಳಿಸುತ್ತೀರಾ, ಶೆಡ್‌ಗೆ ಕರೆದೊಯ್ಯುತ್ತೀರಾ? "ನಿಮಗ್ಯಾಕಮ್ಮ ಅದೆಲ್ಲ, ಡೇಟಾ ಎಂಟ್ರಿ ಮಾಡಿ ಸಾಕು" ಅಂದರೆ ಅಲ್ಲಿ ಸೇರಬೇಡಿ, ಮುಂದಿನ ಆಫೀಸಿಗೆ ಹೋಗಿ.