ಕೋಡಂಗಿ ಯಾರು, ಈರಭದ್ರ ಯಾರು?

ಓದುಗರ ಪತ್ರ (ಸಂಕ್ಷಿಪ್ತವಾಗಿ): "ಅಮೆರಿಕದ ನೆರವು ನಿಂತಿದ್ದಕ್ಕೆ ಕಳೆದ ಸಂಚಿಕೆಯಲ್ಲಿ ಭಾಳ ಮರುಗಿ ಬರೆದಿದ್ದೀರಿ. ಇಪ್ಪತ್ತು ವರ್ಷದ ಹಿಂದೆ ನಮ್ಮ ಬಾಗಲಕೋಟೆ ಜಿಲ್ಲೆಗೂ ಏಡ್ಸ್ ಹೆಸರಿನಲ್ಲಿ ಡಾಲರು ಬಂದಿತ್ತು. ನಾವು ಕಂಡಿದ್ದು ಬಿಳಿ ಜೀಪು, ಹೋಟೆಲಿನಲ್ಲಿ ತರಬೇತಿ, ಮ್ಯಾಲೆ ಊಟ. ಆ ಹಣ ನಿಂತ ಮೇಲೆ ಜಿಲ್ಲೆ ಮುಳುಗಿತೇನು? ಮುಳುಗಿದ್ದು ಆಲಮಟ್ಟಿ ನೀರಿನಲ್ಲಿ, ಅದಕ್ಕೂ ವಿಶ್ವಬ್ಯಾಂಕಿನ ರೊಕ್ಕವೇ. ಆಫ್ರಿಕಾದವರೂ ನಮ್ಮಂತೆ ತಮ್ಮ ಕಾಲ ಮೇಲೆ ನಿಲ್ಲಲಿ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ." — ಮುಧೋಳ ತಾಲೂಕಿನ ಓದುಗರು

ಸಂಪಾದಕರ ಉತ್ತರ

ಮಾನ್ಯರೇ,

ಆಲಮಟ್ಟಿಯ ಮಾತು ಚುಚ್ಚುವಂತೆಯೇ ಬರೆದಿದ್ದೀರಿ, ಅದನ್ನೇ ಮೊದಲು ತೀರಿಸಿಬಿಡೋಣ. ಕೃಷ್ಣಾ ಮೇಲ್ದಂಡೆ ಯೋಜನೆಗೆ ವಿಶ್ವಬ್ಯಾಂಕ್ ಕೊಟ್ಟಿದ್ದು ಸಾಲ. ಬಡ್ಡಿ ಕಡಿಮೆ ಇದ್ದರೂ ಸಾಲ ಸಾಲವೇ. ಸಂತ್ರಸ್ತರ ಪುನರ್ವಸತಿ ನೆಟ್ಟಗೆ ನಡೆಯುತ್ತಿಲ್ಲವೆಂದು 1990ರ ದಶಕದಲ್ಲಿ ಇದೇ ಬ್ಯಾಂಕು ಹಣ ಬಿಡುವುದನ್ನು ತಡೆಹಿಡಿದಿತ್ತು. ಆ ಕೆಲಸಕ್ಕೆ ಒಂದಿಷ್ಟು ಚುರುಕು ಬಂದದ್ದು ಆಮೇಲೆಯೇ. ಬೆಳಗಾವಿಯ ಕೆಲವು ವಾರ್ಡುಗಳಿಗೆ 24 ತಾಸು ನೀರು ಕೊಟ್ಟ ಯೋಜನೆಯೂ ವಿಶ್ವಬ್ಯಾಂಕಿನ ಸಾಲದ್ದೇ. ಸಾಲವನ್ನು ತಿರುಗಿ ಕಟ್ಟಬೇಕಾದ್ದರಿಂದ ಲೆಕ್ಕ ಕೇಳುವವರು ಇರುತ್ತಾರೆ. ನಿಮ್ಮ ತಕರಾರು ತಿರುಗಿ ಕೊಡಬೇಕಿಲ್ಲದ ಅನುದಾನದ ಮೇಲೆ. ಅದನ್ನಷ್ಟೇ ಹಿಡಿದುಕೊಳ್ಳೋಣ.

ಕೆನಡಾ ಸರಕಾರದ ಹಣದಿಂದ 2001ರಲ್ಲಿ ಕರ್ನಾಟಕ ಮತ್ತು ರಾಜಸ್ಥಾನಗಳಲ್ಲಿ ಎಚ್‌ಐವಿ ಯೋಜನೆಯೊಂದು ಶುರುವಾಯಿತು. ಬಾಗಲಕೋಟೆ ಅದರ ಮಾದರಿ ಜಿಲ್ಲೆ. ಮಾತ್ರೆ, ಜೀಪುಗಳಿಗಿಂತ ಮುಖ್ಯವಾಗಿ ಆ ಹಣದಿಂದ ನಡೆದದ್ದು ಒಂದು ಎಣಿಕೆ. ಅಲ್ಲಿಯವರೆಗೆ ಎಲ್ಲವೂ ಅಂದಾಜು: ರೋಗ ಹೆದ್ದಾರಿಯದು, ಲಾರಿ ಡ್ರೈವರುಗಳದು, ಪೇಟೆಯದು ಅಂತ. ಜಿಲ್ಲೆಯ ಸಾಮಾನ್ಯ ಜನರ ರಕ್ತ ಪರೀಕ್ಷೆ ಮಾಡಿದಾಗ ಸೋಂಕು ಶೇ. 2.9 ಎಂದು ಗೊತ್ತಾಯಿತು. ಅಂದರೆ ನೂರು ವಯಸ್ಕರಲ್ಲಿ ಹತ್ತಿರ ಹತ್ತಿರ ಮೂವರು. ತಾಲೂಕಿನಿಂದ ತಾಲೂಕಿಗೆ ಅಜಗಜಾಂತರ, ಅದಕ್ಕೂ ಮಿಗಿಲಾಗಿ ಪೇಟೆಗಿಂತ ಹಳ್ಳಿಯಲ್ಲೇ ಹೆಚ್ಚು. ಈ ಒಂದು ಸಂಗತಿ ಯೋಜನೆಯ ದಿಕ್ಕನ್ನೇ ಬದಲಿಸಿತು. ತಾಲೂಕು ಕೇಂದ್ರದಲ್ಲಿ ಒಂದು ಕ್ಲಿನಿಕ್ ತೆರೆದು ಬೋರ್ಡು ಹಾಕಿದರೆ ಸಾಲದು, ಊರೂರಿಗೆ ಹೋಗಬೇಕು. ನಿಮ್ಮ ಕಣ್ಣಿಗೆ ಬಿದ್ದ ಜೀಪು ಬಂದದ್ದು ಇಲ್ಲಿಂದ. ಅದು ಬಿಳಿಯದೇ ಆಗಬೇಕಿತ್ತೇ ಎಂದರೆ ನನ್ನಲ್ಲಿ ಉತ್ತರವಿಲ್ಲ.

ಇನ್ನು ತರಬೇತಿ, ಊಟ. ಊರೂರಿಗೆ ಹೋಗುವವರು ಯಾರು? ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರ ಬಾಗಿಲಿಗೆ ಆಸ್ಪತ್ರೆಯ ಸಿಬ್ಬಂದಿ ಹೋದರೆ ಮರುದಿನ ಊರೆಲ್ಲ ಸುದ್ದಿ. ಹಾಗಾಗಿ ಅವರಲ್ಲೇ ಒಬ್ಬರನ್ನು ಪೀರ್ ಎಜುಕೇಟರ್, ಅಂದರೆ ತಮ್ಮವರಿಗೆ ತಾವೇ ತಿಳಿಹೇಳುವವರು, ಮಾಡಿದರು. ಒಬ್ಬೊಬ್ಬರಿಗೆ ಸುಮಾರು 60 ಮಹಿಳೆಯರ ಜವಾಬ್ದಾರಿ. ಇಂಥ ನಾಲ್ಕೈದು ಜನರ ಮೇಲೆ ಒಬ್ಬ ಕ್ಷೇತ್ರ ಕಾರ್ಯಕರ್ತೆ. ಓದು ಬಾರದವರಿಗೂ ಆಗುವಂತೆ ದಾಖಲೆಯನ್ನು ಚಿತ್ರಗಳಲ್ಲೇ ಮಾಡಬೇಕು. ಯಾರು ಹೊಸಬರು, ಯಾರು ದುಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದಾರೆ, ಯಾರ ತಪಾಸಣೆ ಬಾಕಿ ಎಂಬುದೆಲ್ಲ ಅದರಲ್ಲಿ ಬರಬೇಕು. ಕಾಂಡೋಮ್ ಹಂಚುವುದು ದಾನದ ಕೆಲಸವಲ್ಲ, ಲೆಕ್ಕದ ಕೆಲಸ. ಒಬ್ಬ ಮಹಿಳೆಗೆ ವಾರಕ್ಕೆ 8 ಬೇಕೆನ್ನಿ. 60 ಮಂದಿಗೆ ನಾಲ್ಕು ವಾರಕ್ಕೆ 1,920. ಹರಿದದ್ದು, ಹಾಳಾದದ್ದು ಎಂದು ನೂರಕ್ಕೆ ಹತ್ತು ಸೇರಿಸಿದರೆ 2,100ರ ಮೇಲೆ. ಇದಕ್ಕಿಂತ ಕಡಿಮೆ ಕೊಟ್ಟರೆ ತಿಂಗಳ ಕೊನೆಯ ವಾರ ಖಾಲಿ. ಎಲ್ಲರಿಗೂ ಸಮನಾಗಿ ಹಂಚಿದರೆ ಒಬ್ಬಳ ಮನೆಯಲ್ಲಿ ಪೆಟ್ಟಿಗೆ ಧೂಳು ಹಿಡಿಯುತ್ತದೆ, ಇನ್ನೊಬ್ಬಳಿಗೆ ಸಾಲುವುದಿಲ್ಲ. ಇದರ ಜೊತೆಗೆ ಆರು ತಿಂಗಳಿಗೊಮ್ಮೆ ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆ. ರಕ್ತ ತೆಗೆಯುವುದು ಎರಡು ನಿಮಿಷದ ಕೆಲಸ. ಕಿಟ್ಟನ್ನು ಫ್ರಿಜ್ಜಿನಲ್ಲಿಡುವುದು, ಮಾದರಿಯನ್ನು ಹೊತ್ತಿಗೆ ಸರಿಯಾಗಿ ಲ್ಯಾಬಿಗೆ ಮುಟ್ಟಿಸುವುದು, ವರದಿಯನ್ನು ಅದೇ ಮಹಿಳೆಯ ಕೈಗೆ ಗುಟ್ಟಾಗಿ ತಲುಪಿಸುವುದು, ಎಡವಟ್ಟಾಗುವುದು ಇಲ್ಲಿ. ಇಷ್ಟನ್ನು ಶಾಲೆಯ ಮುಖ ಕಾಣದವರಿಗೆ ಕಲಿಸಲು ಮೂರು ದಿನ ಕೂಡಿಸಿದರೆ ಊಟ ಹಾಕಲೇಬೇಕಲ್ಲ. ಹೋಟೆಲು ದುಬಾರಿಯದಿತ್ತು ಎಂದರೆ ಒಪ್ಪೋಣ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ: ಹಣ ನಿಂತರೂ ಜಿಲ್ಲೆ ಯಾಕೆ ಮುಳುಗಲಿಲ್ಲ? ಹಣ ಒಂದೇ ದಿನ ನಿಲ್ಲಲಿಲ್ಲ ಎಂಬುದೇ ಕಾರಣ. ಕೆಲವೇ ದೊಡ್ಡ ದೇಶಗಳನ್ನು ಬಿಟ್ಟು ಉಳಿದವರ ನೇರ ನೆರವು ಬೇಡವೆಂದು 2003ರಲ್ಲಿ ಭಾರತವೇ ಹೇಳಿತು. ಕೆನಡಾದ ಯೋಜನೆ 2006ಕ್ಕೆ ಮುಗಿಯಿತು. ಅಷ್ಟರಲ್ಲಿ ಗೇಟ್ಸ್ ಫೌಂಡೇಶನ್ನಿನ 'ಆವಾಹನ್' ಎಂಬ ಎಚ್‌ಐವಿ ತಡೆ ಯೋಜನೆ ಆರು ರಾಜ್ಯಗಳಲ್ಲಿ ಕೆಲಸ ಹಿಡಿದಿತ್ತು, ಅದರಲ್ಲಿ ಕರ್ನಾಟಕವೂ ಒಂದು. 2006ರಿಂದ ಅಮೆರಿಕ ಸರಕಾರದ ನೆರವು ಸಂಸ್ಥೆಯಾದ ಯುಎಸ್‌ಏಡ್ ಹಣದ 'ಸಮಸ್ತ' ಬಂತು. ಆವಾಹನ್ ತನ್ನ ಕೆಲಸವನ್ನು ಸರಕಾರಕ್ಕೆ ಒಪ್ಪಿಸಿದ್ದು ಮೂರು ಕಂತುಗಳಲ್ಲಿ: 2009ರಲ್ಲಿ ಶೇ. 10, 2011ರಲ್ಲಿ ಶೇ. 20, ಉಳಿದ ಶೇ. 70 2012ರಲ್ಲಿ. ಒಪ್ಪಿಸುವ ಮುಂಚೆಯೇ ಬಜೆಟ್ಟನ್ನು ಸರಕಾರಿ ದರಕ್ಕೆ ಇಳಿಸಿದರು, ಹುದ್ದೆಗಳನ್ನು ಸರಕಾರಿ ಮಾದರಿಗೆ ತಂದರು, ನಮೂನೆಗಳನ್ನು ಬದಲಿಸಿದರು. ಹಾಗಂತ ಏನೂ ಕಳೆದುಹೋಗಲಿಲ್ಲ ಅಂತಲ್ಲ. ಸರಕಾರದ ಕಂತು, ಹಿಂದಿನ ಹಣ ಖರ್ಚಾಯಿತೆಂದು ತೋರಿಸುವ ಬಳಕೆ ಪ್ರಮಾಣಪತ್ರದ ಹಿಂದೆ ಓಡುತ್ತದೆ; ಪ್ರಮಾಣಪತ್ರ ತಡವಾದರೆ ಕಂತು ತಡ, ಕಂತು ತಡವಾದರೆ ಪೀರ್ ಎಜುಕೇಟರಿನ ಗೌರವಧನ ತಡ, ಆಕೆ ಬಸ್ ಚಾರ್ಜಿಗೂ ಕೈಯಿಂದ ಹಾಕಬೇಕು. ಆದರೆ ಕೆಲಸ ಮಾತ್ರ ನಿಲ್ಲಲಿಲ್ಲ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಐದನೇ ಹಂತಕ್ಕೆ, ಅಂದರೆ 2021ರಿಂದ 2026ರವರೆಗೆ, ಇಟ್ಟ 15,471.94 ಕೋಟಿ ರೂಪಾಯಿ ಪೂರ್ತಿ ಕೇಂದ್ರ ಸರಕಾರದ್ದು. 2025ರಲ್ಲಿ ಅಮೆರಿಕ ಕೈ ಹಿಂತೆಗೆದಾಗ ಬಾಗಲಕೋಟೆಯಲ್ಲಿ ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ಬೀಗ ಬೀಳದಿದ್ದುದು ಇದರಿಂದ. ಅದೇ ಯುಎಸ್‌ಏಡ್ ಹಣವನ್ನೇ ನೆಚ್ಚಿದ್ದ ಹೈದರಾಬಾದಿನ ಟ್ರಾನ್ಸ್‌ಜೆಂಡರ್ ಕ್ಲಿನಿಕ್ ಮುಚ್ಚಿತು. ನೆರವಿಲ್ಲದೆಯೂ ನಿಂತವರ ಉದಾಹರಣೆಯಾಗಿ ನೀವು ಬಾಗಲಕೋಟೆಯನ್ನು ಮುಂದಿಟ್ಟಿದ್ದೀರಿ. ಅದು ನೆರವನ್ನು ಹತ್ತು ವರ್ಷ ಉಂಡು, ಮೂರು ಕಂತಿನಲ್ಲಿ ಬಿಟ್ಟ ಜಿಲ್ಲೆ.

ನೀವು ಘಟಪ್ರಭಾ ಎಡದಂಡೆ ಕಾಲುವೆಯ ಸೀಮೆಯವರು. ಇಂಥ ದಿನ ಕಾಲುವೆ ಬಂದ್ ಎಂದು ಮೊದಲೇ ಹೇಳಿದರೆ ರೈತ ಬೆಳೆ ಬದಲಿಸುತ್ತಾನೆ, ಇಲ್ಲವೆ ಬೋರು ನೋಡಿಕೊಳ್ಳುತ್ತಾನೆ. ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ರಾತ್ರೋರಾತ್ರಿ ಗೇಟು ಇಳಿಸಿದರೆ?

ಅಮೆರಿಕ 2025ರಲ್ಲಿ ಮಾಡಿದ್ದು ಎರಡನೆಯದು. ಜನವರಿ 20ರಂದು ವಿದೇಶಿ ನೆರವಿಗೆ 90 ದಿನ ತಡೆ. ಎಂಟು ದಿನಕ್ಕೆ, ಜೀವ ಉಳಿಸುವ ಕೆಲಸಗಳಿಗೆ ವಿನಾಯಿತಿ ಎಂಬ ಆದೇಶ. ವಿನಾಯಿತಿ ಕಾಗದದ ಮೇಲಿತ್ತು, ಬಿಲ್ ಪಾವತಿಸುವ ವ್ಯವಸ್ಥೆ ಮಲಗಿತ್ತು. ಮಾರ್ಚ್ 10ಕ್ಕೆ ಶೇ. 83ರಷ್ಟು ಕಾರ್ಯಕ್ರಮ ರದ್ದು. ಜುಲೈ 1ಕ್ಕೆ ಯುಎಸ್‌ಏಡ್ ಎಂಬ ಸಂಸ್ಥೆಯೇ ವಿದೇಶಾಂಗ ಇಲಾಖೆಯೊಳಗೆ ಕರಗಿತು. ಇಂಥ ಹೊತ್ತಿನಲ್ಲಿ ಮಾತ್ರೆ ಮೊದಲು ಖಾಲಿಯಾಗುತ್ತದೆ ಎಂದುಕೊಳ್ಳುತ್ತೇವೆ. ಹಾಗಲ್ಲ. ಮಾತ್ರೆ ಗೋದಾಮಿನಲ್ಲೇ ಇರುತ್ತದೆ. ಮೊದಲು ಹೋಗುವುದು ಗೋದಾಮಿನ ಗುಮಾಸ್ತ, ರಕ್ತದ ಮಾದರಿ ಒಯ್ಯುವ ಬೈಕಿನವ, "ಈ ತಿಂಗಳು ಯಾಕೆ ಬರಲಿಲ್ಲ" ಎಂದು ಮನೆಗೆ ಹೋಗಿ ಕೇಳುವ ಆಯಿ. ಸುಮಾರು 500 ಟನ್ ಪೌಷ್ಟಿಕ ಬಿಸ್ಕತ್ತು ದುಬೈ ಗೋದಾಮಿನಲ್ಲಿ ಅವಧಿ ಮುಗಿದು ಸುಡುವ ಪಾಲಾಯಿತು. ಅದು ಅಫ್ಘಾನಿಸ್ತಾನ, ಪಾಕಿಸ್ತಾನಗಳ ಮಕ್ಕಳಿಗೆಂದು ಕೊಂಡಿದ್ದು. ಹಣ ಉಳಿಸುವ ಲೆಕ್ಕದಲ್ಲಿ ಇದನ್ನು ಯಾವ ಕಲಮಿನಲ್ಲಿ ಬರೆಯಬೇಕೋ!

ಎಚ್‌ಐವಿ ಮಾತ್ರೆಯ ವಿಷಯದಲ್ಲಿ ವಿರಾಮ ಎಂಬುದೇ ಇಲ್ಲ. ದಿನಕ್ಕೊಂದು ಗುಳಿಗೆ, ಮೂರು ಔಷಧ ಒಂದರಲ್ಲೇ. ತೆಗೆದುಕೊಳ್ಳುತ್ತಿದ್ದರೆ ವೈರಸ್ ಪರೀಕ್ಷೆಯಲ್ಲೂ ಸಿಗದಷ್ಟು ತಗ್ಗಿರುತ್ತದೆ. ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ. ಗರ್ಭಿಣಿಗೆ ಚಿಕಿತ್ಸೆ ಇಲ್ಲದಿದ್ದರೆ ಮಗುವಿಗೆ ಸೋಂಕು ತಗಲುವ ಸಾಧ್ಯತೆ ನೂರಕ್ಕೆ 15ರಿಂದ 45, ಚಿಕಿತ್ಸೆ ಇದ್ದರೆ 5ಕ್ಕಿಂತ ಕಡಿಮೆ. 90 ದಿನದ ಪರಿಶೀಲನೆ ಎಂದರೆ ದಿಲ್ಲಿ, ವಾಷಿಂಗ್ಟನ್‌ಗಳಿಗೆ ಮೂರು ತಿಂಗಳು, ಹೊಟ್ಟೆಯಲ್ಲಿರುವ ಕೂಸಿಗೆ ಗರ್ಭದ ಮೂರನೇ ಒಂದು ಪಾಲು. ಇನ್ನೊಂದು: ಬಡ ದೇಶಗಳು ನುಂಗುವ ಈ ಗುಳಿಗೆಗಳಲ್ಲಿ ಬಹುಪಾಲು ತಯಾರಾಗುವುದು ಭಾರತದ ಕಂಪನಿಗಳಲ್ಲಿ. ಮೂರು ಔಷಧದ ಚಿಕಿತ್ಸೆಯನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುತ್ತೇವೆಂದು 2001ರಲ್ಲಿ ಸಿಪ್ಲಾ ಹೇಳಿದ ಮೇಲೆಯೇ ಆಫ್ರಿಕಾದಲ್ಲಿ ದೊಡ್ಡ ಪ್ರಮಾಣದ ಚಿಕಿತ್ಸೆ ಕೈಗೆಟುಕುವ ಮಾತಾಯಿತು. ರೊಕ್ಕ ಅಮೆರಿಕದ್ದು, ರೋಗಿ ಆಫ್ರಿಕಾದವ, ಗುಳಿಗೆ ನಮ್ಮದು. ನಿಮ್ಮ ಗಾದೆಯ ಈರಭದ್ರನಲ್ಲಿ ನಮ್ಮ ಪಾಲೂ ಇದೆ.

ನಿಮ್ಮ ಮಾತಿನಲ್ಲಿ ನಿಜ ಇರುವ ಕಡೆ ಇಲ್ಲವೆನ್ನಲಾರೆ. ಅಮೆರಿಕದ ಮುಖ್ಯ ಆಹಾರ ನೆರವಿನ ಯೋಜನೆಯ ಧಾನ್ಯ ಬಹುಮಟ್ಟಿಗೆ ಅಲ್ಲಿಯ ರೈತರಿಂದಲೇ ಬರಬೇಕು, ಅದರಲ್ಲಿ ಕನಿಷ್ಠ ಅರ್ಧ ಅಲ್ಲಿಯ ಧ್ವಜದ ಹಡಗಿನಲ್ಲೇ ಸಾಗಬೇಕು ಎಂಬ ನಿಯಮ ಹಸಿದವನಿಗಾಗಿ ಮಾಡಿದ್ದಲ್ಲ. ಬ್ರಿಟನ್ 2023ರಲ್ಲಿ 'ವಿದೇಶಿ ನೆರವು' ಎಂದು ತೋರಿಸಿದ ಹಣದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಖರ್ಚಾದದ್ದು ಬ್ರಿಟನ್ನಿನೊಳಗೇ, ನಿರಾಶ್ರಿತರ ಮೇಲೆ. ಎಷ್ಟು ಜೀವ ಉಳಿಯಿತು ಎಂಬ ದೊಡ್ಡ ಅಂಕಿಗಳನ್ನೂ ನಾನು ಕಣ್ಣು ಮುಚ್ಚಿ ನುಂಗುವುದಿಲ್ಲ. ಆವಾಹನ್ ಹತ್ತು ವರ್ಷಗಳಲ್ಲಿ ಸುಮಾರು 6 ಲಕ್ಷ ಸೋಂಕು ತಪ್ಪಿಸಿತು ಎಂಬುದು ಗಣಿತದ ಮಾದರಿ ಹೇಳಿದ ಮಾತು, ತಲೆ ಎಣಿಸಿ ಬಂದದ್ದಲ್ಲ.

ತಲೆ ಎಣಿಸಿದ ಲೆಕ್ಕ ಬೇಕಿದ್ದರೆ ಬೆಳಗಾವಿಗೆ ಬನ್ನಿ. ಇದು ನೆರವಿನ ಬಜೆಟ್ಟಿನದಲ್ಲ, ಸಂಶೋಧನೆಯ ಹಣ. ಆದರೂ ಹೊರಗಿನವರ ತೆರಿಗೆಯದೇ. ಹೆರಿಗೆಯಾದ ಮೇಲೆ ಗರ್ಭಕೋಶ ಬಿಗಿಯದೆ ರಕ್ತ ಹೋಗುವುದನ್ನು ತಡೆಯಲು ಆಕ್ಸಿಟೋಸಿನ್ ಚುಚ್ಚುಮದ್ದಿದೆ. ಆದರೆ ಅದನ್ನು ತಣ್ಣಗಿಡಬೇಕು, ಚುಚ್ಚಲು ಬರಬೇಕು. ಕರೆಂಟಿಲ್ಲದ ಹಳ್ಳಿಯಲ್ಲಿ ಎರಡೂ ಕಷ್ಟ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಬೆಂಬಲದಿಂದ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರ ಮೇಲೆ ಮಿಸೊಪ್ರೊಸ್ಟಾಲ್ ಗುಳಿಗೆಯ ಪರೀಕ್ಷೆ ನಡೆಸಿದರು. ಮಗು ಹುಟ್ಟಿದ ಕೂಡಲೇ 600 ಮೈಕ್ರೋಗ್ರಾಂ, ಅಂದರೆ 200ರ ಮೂರು ಗುಳಿಗೆ ಬಾಯಿಗೆ. ಅರ್ಧದಷ್ಟು ಜನರಿಗೆ ಔಷಧವಿಲ್ಲದ, ನೋಡಲು ಅಂಥದೇ ಗುಳಿಗೆ. ಕೊಟ್ಟವರು ಡಾಕ್ಟರಲ್ಲ, ಎಎನ್‌ಎಂ ಸಿಸ್ಟರುಗಳು. ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳಿದರೆ ಯಾವಾಗಲೂ ಕಡಿಮೆಯೇ ಆಗುತ್ತದೆ. ಅದಕ್ಕೆ ಬಾಣಂತಿಯ ಕೆಳಗೆ ಹಾಸುವ, ತುದಿಯಲ್ಲಿ ಅಳತೆಗೆರೆಯ ಚೀಲವಿರುವ ಒಂದು ಪ್ಲಾಸ್ಟಿಕ್ ಹಾಸು ಬಳಸಿದರು. ಅರ್ಧ ಲೀಟರಿಗೆ ಮೀರಿ ರಕ್ತ ಹೋದವರು ಶೇ. 12ರಿಂದ 6.4ಕ್ಕೆ ಇಳಿದರು, ಒಂದು ಲೀಟರಿಗೆ ಮೀರಿದವರು 1.2ರಿಂದ 0.2ಕ್ಕೆ. ಪ್ರತಿ 18 ಬಾಣಂತಿಯರಿಗೆ ಗುಳಿಗೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ. ಗುಳಿಗೆಯಿಂದ ಚಳಿ ನಡುಕ, ಜ್ವರ ಬರುತ್ತದೆ, ಅದು ತಾನೇ ಇಳಿಯುತ್ತದೆ. ಅಪಾಯ ಇರುವುದು ಬೇರೆ ಕಡೆ: ಹೊಟ್ಟೆಯಲ್ಲಿ ಇನ್ನೊಂದು ಕೂಸು ಇಲ್ಲವೆಂದು ಖಾತ್ರಿ ಮಾಡಿಕೊಳ್ಳದೆ ಕೊಡಬಾರದು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅಂಥದೇ ಅಳತೆಯ ಹಾಸನ್ನು ಮುಂದಿಟ್ಟುಕೊಂಡು ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳಲ್ಲಿ ನಡೆದ ದೊಡ್ಡ ಪ್ರಯೋಗದ ವರದಿ 2023ರಲ್ಲಿ ಬಂತು: ರಕ್ತಸ್ರಾವವನ್ನು ಬೇಗ ಗುರುತಿಸಿ, ಎಲ್ಲ ಚಿಕಿತ್ಸೆ ಒಟ್ಟಿಗೆ ಶುರು ಮಾಡಿದ ಆಸ್ಪತ್ರೆಗಳಲ್ಲಿ ತೀವ್ರ ರಕ್ತಸ್ರಾವ ಮತ್ತದರ ಅನಾಹುತ ಶೇ. 60ರಷ್ಟು ಕಡಿಮೆ.

ಅದೇ ಬೆಳಗಾವಿ ಸೇರಿದಂತೆ ಆರು ದೇಶಗಳಲ್ಲಿ, ದಿನ ತುಂಬದೆ ಹೆರುವವರಿಗೆ ಹಳ್ಳಿಯಲ್ಲೇ ಸ್ಟಿರಾಯ್ಡ್ ಚುಚ್ಚುಮದ್ದು ಕೊಡುವ ಇನ್ನೊಂದು ಪ್ರಯೋಗ ನಡೆಯಿತು. ಒಳ್ಳೆಯದೇ ಆಗುತ್ತದೆಂದು ಎಲ್ಲರೂ ನಂಬಿದ್ದರು. 2015ರಲ್ಲಿ ಲೆಕ್ಕ ಬಂದಾಗ ನವಜಾತ ಶಿಶುಗಳ ಸಾವು ಒಟ್ಟಾರೆ ಹೆಚ್ಚಾಗಿತ್ತು. ಎಣಿಸದೆ ಹಂಚಿದ್ದರೆ ಹಾರ ಹಾಕಿ ಉದ್ಘಾಟನೆ ಮಾಡಿರುತ್ತಿದ್ದೆವು.

ಜೀಪಿನ ಲೆಕ್ಕ ಉಳಿಯಿತು. ವಿದೇಶಿ ಹಣ ಪಡೆಯುವ ಪ್ರತಿ ಸಂಸ್ಥೆಯೂ ಎಫ್‌ಸಿ-4 ನಮೂನೆಯಲ್ಲಿ ವಾರ್ಷಿಕ ಲೆಕ್ಕವನ್ನು ಡಿಸೆಂಬರ್ 31ರೊಳಗೆ ಗೃಹ ಸಚಿವಾಲಯಕ್ಕೆ ಸಲ್ಲಿಸಬೇಕು. ಸಚಿವಾಲಯದ ಜಾಲತಾಣದಲ್ಲಿ ಎಲ್ಲರೂ ನೋಡಬಹುದಾಗಿದ್ದ ಈ ಲೆಕ್ಕಗಳನ್ನು 2022ರಲ್ಲಿ ತೆಗೆದುಹಾಕಿದ್ದಾರೆ, ಆದ್ದರಿಂದ ಸಂಸ್ಥೆಯನ್ನೇ ಕೇಳಬೇಕು. ಆಡಳಿತ ವೆಚ್ಚದ ಮಿತಿ ಮೊದಲು ಶೇ. 50 ಇತ್ತು, ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯಿಂದ 20ಕ್ಕೆ ಇಳಿದಿದೆ. ವಾಹನದ ಓಡಾಟ, ರಿಪೇರಿ ಎರಡೂ ಈ 20ರೊಳಗೇ ಬರುತ್ತವೆ. ಕ್ಷೇತ್ರದಲ್ಲಿ ನೇರ ಚಿಕಿತ್ಸೆ ಕೊಡುವವರ ಸಂಬಳ ಇದರಲ್ಲಿ ಸೇರುವುದಿಲ್ಲ. ಅದೇ ತಿದ್ದುಪಡಿ ದೊಡ್ಡ ಸಂಸ್ಥೆ ಚಿಕ್ಕ ಸಂಸ್ಥೆಗೆ ವಿದೇಶಿ ಹಣ ಹಂಚುವುದನ್ನು ನಿಷೇಧಿಸಿತು. ಜೀಪಿಲ್ಲದ, ತಾಲೂಕು ಮಟ್ಟದ ಮಹಿಳಾ ಸಂಘಗಳಿಗೆ ಬಿದ್ದ ಪೆಟ್ಟು ಅದು. ನೀವು ಕಂಡ ಜೀಪು ಯಾವ ಸಂಸ್ಥೆಯದೆಂದು ನಿಮಗೆ ಗೊತ್ತಿದ್ದರೆ, ಅವರಿಂದ ಆ ವರ್ಷಗಳ ಆಡಿಟ್ ಆದ ಲೆಕ್ಕ ಕೇಳಿ. ವಾಹನದ ಸಾಲು ಒಂದು ಕಡೆ, ಪರೀಕ್ಷಾ ಕಿಟ್ಟು ಮತ್ತು ಗೌರವಧನದ ಸಾಲು ಇನ್ನೊಂದು ಕಡೆ ಇಟ್ಟು ನೋಡಿ. ನಕಲು ಸಿಕ್ಕರೆ ನಮಗೂ ಒಂದು ಕಳಿಸಿ, ಈ ಪುಟದಲ್ಲೇ ಅಚ್ಚು ಹಾಕುತ್ತೇವೆ.

— ಸಂ.